ಸೆಟಲ್ಡ್ ಸ್ಟೇಟಸ್ ಲೆಕ್ಕ ಬೇರೆ, ಪೌರತ್ವದ ಲೆಕ್ಕ ಬೇರೆ: ಬ್ರಿಟಿಷ್ ಪೌರತ್ವದ ಅರ್ಜಿಗೆ ನಾನು ದಿನ ಎಣಿಸಿದ ಬಗೆ

ಜರ್ಮನಿ, ಸ್ವೀಡನ್ ಅಥವಾ ನೆದರ್‌ಲ್ಯಾಂಡ್ಸ್‌ನ ಪೌರತ್ವ ಪಡೆದು ಬ್ರೆಕ್ಸಿಟ್‌ನ ಗಡುವಾದ 2020ರ ಡಿಸೆಂಬರ್ 31ರೊಳಗೆ ಬ್ರಿಟನ್ನಿಗೆ ಬಂದು ನೆಲೆಸಿದ ಕನ್ನಡಿಗರು ಕಡಿಮೆಯೇನಿಲ್ಲ. ನನ್ನದೂ ಜರ್ಮನ್ ಪಾಸ್‌ಪೋರ್ಟ್. ಮೊದಲು ಪ್ರೀ-ಸೆಟಲ್ಡ್ ಸ್ಟೇಟಸ್ (ಬ್ರೆಕ್ಸಿಟ್ ನಂತರ ಐರೋಪ್ಯರಿಗೆ ಕೊಟ್ಟ ತಾತ್ಕಾಲಿಕ ವಾಸದ ಹಕ್ಕು), ಆಮೇಲೆ ಸೆಟಲ್ಡ್ ಸ್ಟೇಟಸ್ (ಕಾಯಂ ವಾಸದ ಹಕ್ಕು), ಕೊನೆಗೆ ಪೌರತ್ವ: ದಾರಿ ಇಷ್ಟೇ. ಆದರೆ ಸೆಟಲ್ಡ್ ಸ್ಟೇಟಸ್ ಸಿಕ್ಕವರು ವಾಸದ ಷರತ್ತು ಅಲ್ಲಿಗೇ ಮುಗಿಯಿತೆಂದು ತಿಳಿದು ನೇರವಾಗಿ ಅರ್ಜಿ ತುಂಬಲು ಕೂರುತ್ತಾರೆ. ಹಣ ಮುಳುಗುವುದು ಅಲ್ಲೇ. ಎರಡಕ್ಕೂ ಐದು ವರ್ಷ ಎಂಬ ಮಾತು ಒಂದೇ ಇದ್ದರೂ ದಿನ ಎಣಿಸುವ ನಿಯಮಗಳು ಬೇರೆ ಬೇರೆ.

ಸೆಟಲ್ಡ್ ಸ್ಟೇಟಸ್‌ಗೆ ಹಳೆಯ ನಿಯಮದಲ್ಲಿ ಯಾವುದೇ 12 ತಿಂಗಳಲ್ಲಿ 6 ತಿಂಗಳು ಮೀರದಂತೆ ಹೊರಗಿದ್ದರೆ ಸಾಕಿತ್ತು. 2025ರ ಜುಲೈ 16ರಿಂದ ಪ್ರೀ-ಸೆಟಲ್ಡ್ ಇರುವವರಿಗೆ ಇನ್ನಷ್ಟು ಸಡಿಲವಾಯಿತು: ಕಳೆದ 60 ತಿಂಗಳಲ್ಲಿ ಒಟ್ಟು 30 ತಿಂಗಳು ಬ್ರಿಟನ್ನಿನಲ್ಲಿದ್ದರೂ ಆಗುತ್ತದೆ. ಅಂದರೆ ಸುಮಾರು 900 ದಿನ ಹೊರಗಿದ್ದವರಿಗೂ ಸೆಟಲ್ಡ್ ಸ್ಟೇಟಸ್ ಸಿಗಬಹುದು. ಪೌರತ್ವದ ಮಿತಿ ಇದರ ಅರ್ಧ, 450 ದಿನ. ಅಪ್ಪ ಅಮ್ಮನ ಆರೋಗ್ಯಕ್ಕೆಂದು ಊರಿಗೆ ಹೋಗಿ ತಿಂಗಳುಗಟ್ಟಲೆ ಇದ್ದು ಬಂದವರು, ಬೆಂಗಳೂರಿನಿಂದಲೇ ಕೆಲಸ ಮಾಡಿದವರು ಈ ಎರಡು ಅಂಕಿಗಳ ನಡುವೆ ಸಿಕ್ಕಿಕೊಳ್ಳುತ್ತಾರೆ.

1981ರ ಬ್ರಿಟಿಷ್ ನ್ಯಾಷನಾಲಿಟಿ ಆಕ್ಟ್‌ನ 6(1) ಕಲಮಿನ ಪ್ರಕಾರ ವಾಸಕ್ಕೆ ಸಂಬಂಧಿಸಿದ ಷರತ್ತುಗಳು ಇವು. ಅರ್ಜಿ ತಲುಪುವ ದಿನಕ್ಕೆ ಹಿಂದಿನ ಐದು ವರ್ಷದಲ್ಲಿ 450 ದಿನಕ್ಕಿಂತ ಹೆಚ್ಚು ಹೊರಗಿರಬಾರದು. ಅದರಲ್ಲಿ ಕೊನೆಯ 12 ತಿಂಗಳಲ್ಲಿ 90 ದಿನ ಮೀರಬಾರದು. ಐದು ವರ್ಷದ ಅವಧಿ ಶುರುವಾಗುವ ದಿನ ಬ್ರಿಟನ್ನಿನ ನೆಲದ ಮೇಲೆ ಇದ್ದಿರಬೇಕು. ವಲಸೆ ಕಾನೂನು ಮುರಿದಿರಬಾರದು. ಸೆಟಲ್ಡ್ ಸ್ಟೇಟಸ್ ಸಿಕ್ಕಿ 12 ತಿಂಗಳು ತುಂಬಿರಬೇಕು. ಇಲ್ಲಿ ಬಂದು ಹದಿನೈದು ವರ್ಷವಾಗಿದ್ದರೂ ಲೆಕ್ಕಕ್ಕೆ ಬರುವುದು ಅರ್ಜಿಯ ದಿನದಿಂದ ಹಿಂದಕ್ಕೆ ಎಣಿಸಿದ ಐದೇ ವರ್ಷ. ಪ್ರೀ-ಸೆಟಲ್ಡ್ ಆಗಿ ಕಳೆದ ವರ್ಷಗಳೂ ಅದರೊಳಗೆ ಸೇರುತ್ತವೆ. 12 ತಿಂಗಳ ಕಾಯುವಿಕೆ ಮಾತ್ರ ಸೆಟಲ್ಡ್ ಸ್ಟೇಟಸ್‌ಗೆ ಅರ್ಜಿ ಹಾಕಿದ ದಿನದಿಂದಲ್ಲ, ಅದನ್ನು ಮಂಜೂರು ಮಾಡಿದ ದಿನದಿಂದ. 2025ರ ಜನವರಿಯಿಂದ ಕೆಲವರ ಪ್ರೀ-ಸೆಟಲ್ಡ್ ಸ್ಟೇಟಸ್ ಅರ್ಜಿ ಇಲ್ಲದೆ ತಾನಾಗಿಯೇ ಸೆಟಲ್ಡ್ ಆಗುತ್ತಿದೆ. ಅಂಥವರು ಇ-ವೀಸಾ (ಆನ್‌ಲೈನ್ ವಲಸೆ ದಾಖಲೆ) ಖಾತೆಗೆ ಹೋಗಿ ಮಂಜೂರಾತಿಯ ದಿನಾಂಕ ನೋಡಿಕೊಂಡು ಅಲ್ಲಿಂದ ಎಣಿಸಬೇಕು.

ಈಗ ಎಣಿಕೆಗೆ ಬರೋಣ. ಪೂರ್ತಿ ದಿನ ಹೊರಗಿದ್ದರೆ ಮಾತ್ರ ಅದು ಗೈರು. ಬ್ರಿಟನ್ ಬಿಟ್ಟ ದಿನವೂ ವಾಪಸು ಬಂದ ದಿನವೂ ಲೆಕ್ಕಕ್ಕಿಲ್ಲ. ನಾನು ಎಕ್ಸೆಲ್ ಹಾಳೆಯಲ್ಲಿ ಬಿಟ್ಟ ದಿನ, ಬಂದ ದಿನ, ದೇಶ, ಕಾರಣ, ಪುರಾವೆ ಎಂದು ಐದು ಅಂಕಣ ಮಾಡಿ, ಆರನೆಯದರಲ್ಲಿ "ಬಂದ ದಿನ ಕಳೆ ಬಿಟ್ಟ ದಿನ ಕಳೆ 1" ಎಂಬ ಸೂತ್ರ ಹಾಕಿದೆ. ಬೆಳಿಗ್ಗೆ ಪ್ಯಾರಿಸ್ಸಿಗೆ ಹೋಗಿ ರಾತ್ರಿ ಮರಳಿದ ಪ್ರಯಾಣಕ್ಕೆ ಈ ಸೂತ್ರ ಮೈನಸ್ 1 ಕೊಡುತ್ತದೆ. ಗಮನಿಸದಿದ್ದರೆ ಒಟ್ಟು ಮೊತ್ತ ಸದ್ದಿಲ್ಲದೆ ಕಡಿಮೆಯಾಗುತ್ತದೆ. ಆದ್ದರಿಂದ ಸೊನ್ನೆಗಿಂತ ಕೆಳಗೆ ಇಳಿಯದಂತೆ ಸೂತ್ರವನ್ನು ಕಟ್ಟಬೇಕು.

ಭಾರತದ ಪ್ರಯಾಣಗಳಲ್ಲಿ ಇನ್ನೊಂದು ತಪ್ಪು ನುಸುಳುತ್ತದೆ. ಬ್ರಿಟನ್ನಿನ ಗಡಿಯಲ್ಲಿ ಐರೋಪ್ಯ ಪಾಸ್‌ಪೋರ್ಟಿಗೆ ಮುದ್ರೆ ಬೀಳುವುದಿಲ್ಲ, ಸ್ವಂತ ಷೆಂಗೆನ್ ಗಡಿಯಲ್ಲೂ ಇಲ್ಲ. ಓಸಿಐ (ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಭಾರತ ಕೊಡುವ ಕಾರ್ಡ್) ಇಟ್ಟುಕೊಂಡು ಹೋದಾಗ ಬಿದ್ದ ಭಾರತದ ಮುದ್ರೆಗಳಷ್ಟೇ ಪಾಸ್‌ಪೋರ್ಟಿನಲ್ಲಿ ಉಳಿದಿರುತ್ತವೆ, ಜನ ಅವನ್ನೇ ಹಾಳೆಗೆ ಇಳಿಸುತ್ತಾರೆ. ಆದರೆ ಲಂಡನ್ನಿನಿಂದ ಮಧ್ಯಾಹ್ನ ಹೊರಟ ವಿಮಾನ ಬೆಂಗಳೂರಿಗೆ ಇಳಿಯುವುದು ಮರುದಿನ ಬೆಳಗಿನ ಜಾವ, ಮುದ್ರೆಯಲ್ಲಿರುವುದು ಮರುದಿನದ ತಾರೀಖು. ಅದನ್ನೇ "ಬಿಟ್ಟ ದಿನ" ಎಂದು ಬರೆದರೆ ಪ್ರತಿ ಪ್ರಯಾಣಕ್ಕೂ ಒಂದು ದಿನ ಕಡಿಮೆ ತೋರಿಸಿದಂತಾಗುತ್ತದೆ. ಮರಳುವಾಗಲೂ ಹಾಗೆಯೇ: ರಾತ್ರಿ 11ಕ್ಕೆ ಇಮಿಗ್ರೇಷನ್ ದಾಟಿದರೆ ಒಂದು ತಾರೀಖು, ವಿಮಾನ ಏರಿದ್ದು ಮಧ್ಯರಾತ್ರಿಯ ನಂತರ, ಲಂಡನ್ನಿನಲ್ಲಿ ಇಳಿದದ್ದು ಇನ್ನೊಂದು ತಾರೀಖು. ಬೇಕಾದದ್ದು ಬ್ರಿಟನ್ನಿನ ನೆಲ ಬಿಟ್ಟ, ಮುಟ್ಟಿದ ದಿನ ಮಾತ್ರ. ಮುದ್ರೆಗಳನ್ನು ತಾಳೆ ನೋಡಲು ಇಟ್ಟುಕೊಳ್ಳಿ, ಅವುಗಳಿಂದಲೇ ಎಣಿಸಬೇಡಿ.

ಹಳೆಯ ಪ್ರಯಾಣಗಳನ್ನು ಒಟ್ಟುಗೂಡಿಸಲು ನನಗೆ ಹೆಚ್ಚು ನೆರವಾದದ್ದು ವಿಮಾನ ಕಂಪನಿಗಳಿಂದ ಬಂದ ಇಮೇಲ್‌ಗಳು. ಟಿಕೆಟ್‌ಗಿಂತ ಬೋರ್ಡಿಂಗ್ ಪಾಸ್ ನಂಬಿಕಸ್ಥ, ಏಕೆಂದರೆ ಟಿಕೆಟ್ ಬದಲಾಗಿರಬಹುದು, ರದ್ದಾಗಿರಬಹುದು. ರೈಲಿನಲ್ಲೋ ಹಡಗಿನಲ್ಲೋ ಕಡಲು ದಾಟಿದ್ದಕ್ಕೆ ಬುಕಿಂಗ್ ಇಮೇಲ್ ಸಿಗದಿದ್ದರೆ ಬ್ಯಾಂಕಿನ ಸ್ಟೇಟ್‌ಮೆಂಟ್ ತೆರೆದು ಯುರೋದಲ್ಲಿ ಖರ್ಚಾದ ದಿನಗಳನ್ನು ನೋಡಿದೆ. ಮೊಬೈಲಿನ ಫೋಟೋಗಳಲ್ಲಿ ದಿನಾಂಕ, ಜಾಗ ಎರಡೂ ಇರುತ್ತವೆ. ಆಫೀಸಿನ ರಜೆಯ ಪಟ್ಟಿಯೂ ಒಳ್ಳೆಯ ಆಧಾರ. ಇವೆಲ್ಲದರ ಮೇಲೆ ಬ್ರಿಟನ್ನಿನ ಗೃಹ ಇಲಾಖೆಯಾದ ಹೋಂ ಆಫೀಸ್‌ಗೆ ಸಬ್ಜೆಕ್ಟ್ ಆಕ್ಸೆಸ್ ರಿಕ್ವೆಸ್ಟ್ ಹಾಕಿ ತಮ್ಮ ಬಗ್ಗೆ ಇರುವ ಗಡಿ ದಾಟಿದ ದಾಖಲೆಗಳನ್ನು ಉಚಿತವಾಗಿ ಕೇಳಿ ಪಡೆಯಬಹುದು. ಅದು ತಾಳೆ ನೋಡಲು ಬರುವ ಇನ್ನೊಂದು ಪಟ್ಟಿ, ಸ್ವಂತ ಪಟ್ಟಿಗೆ ಬದಲಿಯಲ್ಲ. ಎರಡರಲ್ಲಿ ವ್ಯತ್ಯಾಸ ಕಂಡರೆ ಬೋರ್ಡಿಂಗ್ ಪಾಸ್ ಹುಡುಕಿ ಆ ಸಾಲಿನ ಪುರಾವೆಯ ಅಂಕಣದಲ್ಲಿ ಬರೆದಿಡಿ.

ಇಡೀ ಅರ್ಜಿಯಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ದಿನಾಂಕ ಆರಿಸುವುದಕ್ಕೆ. ಅವಧಿ ಶುರುವಾಗುವುದು ಐದು ವರ್ಷ ಹಿಂದಿನ ಅದೇ ತಾರೀಖಿನ ಮರುದಿನ. 2026ರ ಜನವರಿ 5ರಂದು ಅರ್ಜಿ ತಲುಪಿದರೆ 2021ರ ಜನವರಿ 6ರಂದು ಇಲ್ಲಿರಬೇಕಿತ್ತು. ನಮ್ಮವರಿಗೆ ಇದು ಸೂಕ್ಷ್ಮವಾದ ಕಾಲ. 2020ರ ಡಿಸೆಂಬರ್ 22ರ ಮಧ್ಯರಾತ್ರಿಯಿಂದ ಜನವರಿ ಮೊದಲ ವಾರದವರೆಗೆ ಕೋವಿಡ್‌ನಿಂದಾಗಿ ಬ್ರಿಟನ್–ಭಾರತದ ವಿಮಾನಗಳನ್ನು ಭಾರತ ನಿಲ್ಲಿಸಿತ್ತು, ಊರಿಗೆ ಹೋದವರು ಅಲ್ಲೇ ಉಳಿದರು. 2021ರ ಏಪ್ರಿಲ್ 23ರಿಂದ ಆಗಸ್ಟ್ 8ರವರೆಗೆ ಭಾರತ ಬ್ರಿಟನ್ನಿನ ಕೆಂಪು ಪಟ್ಟಿಯಲ್ಲಿತ್ತು (ಪ್ರಯಾಣಕ್ಕೆ ಕಠಿಣ ನಿರ್ಬಂಧವಿದ್ದ ದೇಶಗಳ ಪಟ್ಟಿ), ಆಗಲೂ ಹಾಗೆಯೇ ಆಯಿತು. ನಿಮ್ಮ ಮೊದಲ ದಿನ ಈ ಕಾಲದೊಳಗೆ ಬೀಳುತ್ತದೆಯೇ ಎಂದು ಮೊದಲು ನೋಡಿ.

ನನ್ನ ಹಾಳೆಯಲ್ಲಿ 2020ರ ಡಿಸೆಂಬರ್ 14ರಂದು ಲಂಡನ್ ಬಿಟ್ಟು 2021ರ ಜನವರಿ 21ರಂದು ಮರಳಿದ ಸಾಲೊಂದಿತ್ತು. ಗೈರು ಡಿಸೆಂಬರ್ 15ರಿಂದ ಜನವರಿ 20ರವರೆಗೆ, 37 ದಿನ. ಆದ್ದರಿಂದ 2025ರ ಡಿಸೆಂಬರ್ 14ರಿಂದ 2026ರ ಜನವರಿ 19ರವರೆಗೆ ಯಾವ ದಿನ ಅರ್ಜಿ ಹಾಕಿದ್ದರೂ ಮೊದಲ ದಿನ ನಾನು ಬೆಂಗಳೂರಿನಲ್ಲಿ ಇದ್ದಂತಾಗುತ್ತಿತ್ತು. ಅದಕ್ಕಿಂತ ಮೊದಲು ಹಾಕಿದರೆ ಆ 37 ದಿನ ಒಟ್ಟು ಮೊತ್ತಕ್ಕೆ ಸೇರುತ್ತಿದ್ದವು. ಮೂರು ದಿನ ಕೈಯಲ್ಲಿಟ್ಟುಕೊಂಡು ಜನವರಿ 23ಕ್ಕೆ ಹಾಕಿದೆ. ಮೊದಲ ದಿನ 2021ರ ಜನವರಿ 24, ಇಲ್ಲೇ ಇದ್ದ ದಿನ. ಆ ಉದ್ದದ ಪ್ರಯಾಣ ಲೆಕ್ಕದಿಂದಲೇ ಹೊರಗೆ ಹೋಯಿತು. ಆನ್‌ಲೈನ್‌ನಲ್ಲಿ ಹಣ ಕಟ್ಟಿ ಸಲ್ಲಿಸಿದ ದಿನವೇ ಅರ್ಜಿಯ ದಿನ. ಬೆರಳಚ್ಚು ಕೊಡುವ ದಿನಕ್ಕೂ ಇದಕ್ಕೂ ಸಂಬಂಧವಿಲ್ಲ.

ಹಾಳೆಯಲ್ಲಿ ಅರ್ಜಿಯ ದಿನಾಂಕಕ್ಕೆ ಒಂದು ಕೋಶ ಬಿಟ್ಟು, ಅದನ್ನು ಬದಲಿಸಿದರೆ ಐದು ವರ್ಷದ ಮೊತ್ತ, 12 ತಿಂಗಳ ಮೊತ್ತ ಎರಡೂ ತಾವೇ ಬದಲಾಗುವಂತೆ ಮಾಡಿಕೊಳ್ಳಿ. ಅವಧಿಯ ಅಂಚಿನಲ್ಲಿ ಬರುವ ಪ್ರಯಾಣದ ಒಳಗಿನ ದಿನಗಳಷ್ಟನ್ನೇ ಸೇರಿಸಬೇಕು, ಪೂರ್ತಿ ಪ್ರಯಾಣವನ್ನಲ್ಲ. ಕೊನೆಯ ವರ್ಷದ ಮೊತ್ತ 94 ಬಂದರೆ ಗಾಬರಿ ಬೇಡ. ಹೋದ ವರ್ಷದ ರಜೆ 12 ತಿಂಗಳ ಗೆರೆಯಾಚೆ ಸರಿಯುವವರೆಗೆ ಕೆಲವು ವಾರ ಕಾದರೆ ಅದೇ ಇಳಿಯುತ್ತದೆ, ಆ ವಾರಗಳಲ್ಲಿ ಮತ್ತೆ ಹೊರಗೆ ಹೋಗದಿದ್ದರೆ.

ಮಿತಿ ಮೀರಿದರೂ ಅಧಿಕಾರಿಗಳಿಗೆ ವಿವೇಚನೆಯ ಅಧಿಕಾರವಿದೆ. ಮಾರ್ಗಸೂಚಿಯ ಪ್ರಕಾರ ಐದು ವರ್ಷದಲ್ಲಿ 480 ದಿನದವರೆಗೆ, ಕೊನೆಯ ವರ್ಷದಲ್ಲಿ 100 ದಿನದವರೆಗೆ ಸಾಮಾನ್ಯವಾಗಿ ಮನ್ನಿಸುತ್ತಾರೆ. ಅದರಾಚೆ 900 ದಿನದವರೆಗೂ ಮನ್ನಿಸಬಹುದು. ಆದರೆ ಆಗ ಮನೆ, ಕುಟುಂಬ, ಕೆಲಸ, ಹಣಕಾಸು ಎಲ್ಲ ಇಲ್ಲೇ ಇದೆಯೆಂದು ತೋರಿಸಬೇಕು, ಜೊತೆಗೆ ಐದು ವರ್ಷಕ್ಕಿಂತ ಮುಂಚೆಯೂ ಎರಡು ಮೂರು ವರ್ಷ ಇಲ್ಲಿ ವಾಸವಿದ್ದಿರಬೇಕು ಅಥವಾ ಕೆಲಸದ ಸ್ವರೂಪದಂಥ ಬಲವಾದ ಕಾರಣ ಬೇಕು. ಕೋವಿಡ್‌ನಿಂದ ಸಿಕ್ಕಿಕೊಂಡವರು ರದ್ದಾದ ಟಿಕೆಟ್‌ಗಳನ್ನು ಲಗತ್ತಿಸಿ ಪತ್ರ ಬರೆಯಬಹುದು. ಕಾಯಲು ಸಾಧ್ಯವಿದ್ದರೆ ಕಾಯುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ನಾನು ಕಟ್ಟಿದ ಶುಲ್ಕ 1,735 ಪೌಂಡ್. ಅರ್ಜಿ ತಿರಸ್ಕೃತವಾದರೆ ಅದರಲ್ಲಿ ಪೌರತ್ವ ಪ್ರದಾನ ಸಮಾರಂಭದ 130 ಪೌಂಡ್ ಮಾತ್ರ ವಾಪಸು ಬರುತ್ತದೆ.

ಗಂಡನೋ ಹೆಂಡತಿಯೋ ಬ್ರಿಟಿಷ್ ಪ್ರಜೆಯಾಗಿದ್ದರೆ 6(2) ಕಲಮು ಅನ್ವಯಿಸುತ್ತದೆ. ಮೂರು ವರ್ಷ, 270 ದಿನ, ಕೊನೆಯ ವರ್ಷಕ್ಕೆ ಅದೇ 90. ಮೂರು ವರ್ಷದ ಮೊದಲ ದಿನ ಇಲ್ಲಿರಬೇಕೆಂಬ ಷರತ್ತು ಇಲ್ಲೂ ಇದೆ. ಸೆಟಲ್ಡ್ ಸ್ಟೇಟಸ್ ಬೇಕೇ ಬೇಕು, ಆದರೆ ಸಿಕ್ಕ ಮೇಲೆ 12 ತಿಂಗಳು ಕಾಯಬೇಕಿಲ್ಲ. ದಂಪತಿಯಲ್ಲಿ ಇಬ್ಬರೂ ಒಟ್ಟಿಗೆ 6(1)ರಲ್ಲಿ ಹಾಕುವ ಬದಲು ಒಬ್ಬರು ಮೊದಲು ಪೌರತ್ವ ಪಡೆದು, ಇನ್ನೊಬ್ಬರು 6(2)ರಲ್ಲಿ ಹಾಕಿದರೆ ತಡವಾಗಿ ಬಂದವರಿಗೆ ಅನುಕೂಲ.

ಐರ್ಲೆಂಡಿನ ಪ್ರಜೆಗಳಿಗೆ ಸೆಟಲ್ಡ್ ಸ್ಟೇಟಸ್ಸೇ ಬೇಡ, ಅವರ ಮೇಲೆ ವಲಸೆಯ ಕಾಲಮಿತಿ ಇಲ್ಲ. 2025ರ ಜುಲೈನಿಂದ ಅವರಿಗೆ ಬೇರೆಯದೇ ನೋಂದಣಿಯ ದಾರಿ ತೆರೆದಿದೆ, ಅದರಲ್ಲಿ ಲೈಫ್ ಇನ್ ದ ಯುಕೆ (ಬ್ರಿಟನ್ನಿನ ಬದುಕು, ಇತಿಹಾಸದ ಬಗ್ಗೆ) ಪರೀಕ್ಷೆಯೂ ಇಲ್ಲ.

ವಿದ್ಯಾರ್ಥಿಯಾಗಿಯೋ ಗೃಹಿಣಿಯಾಗಿಯೋ ಇದ್ದ ವರ್ಷಗಳ ಬಗ್ಗೆ ಅನೇಕರಿಗೆ ಇನ್ನೂ ಹೆದರಿಕೆ ಇದೆ. ಅದಕ್ಕೆ ಕಾರಣವೂ ಇತ್ತು. ಐರೋಪ್ಯ ನಿಯಮದಲ್ಲಿ ಸಂಬಳದ ಕೆಲಸವಿಲ್ಲದ ಅಂಥವರಿಗೆ ಕಾಂಪ್ರಹೆನ್ಸಿವ್ ಸಿಕ್ನೆಸ್ ಇನ್ಶೂರೆನ್ಸ್ (ಸಮಗ್ರ ಆರೋಗ್ಯ ವಿಮೆ) ಇರಬೇಕಿತ್ತು. ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಇದ್ದರೆ ಸಾಲದು ಎಂಬುದು ಬ್ರಿಟನ್ನಿನ ನಿಲುವಾಗಿತ್ತು. ವಿಮೆ ಇಲ್ಲದ ಕಾಲ ಕಾನೂನುಬದ್ಧ ವಾಸವಲ್ಲ ಎಂದು ಪೌರತ್ವದ ಅರ್ಜಿಯಲ್ಲಿ ಪ್ರಶ್ನೆ ಏಳುತ್ತಿತ್ತು. 2022ರ ಮಾರ್ಚ್‌ನಲ್ಲಿ ಐರೋಪ್ಯ ನ್ಯಾಯಾಲಯ ಎನ್‌ಎಚ್‌ಎಸ್ ಸೌಲಭ್ಯವೂ ವಿಮೆಯ ಷರತ್ತನ್ನು ಪೂರೈಸುತ್ತದೆ ಎಂದಿತು. ಅದೇ ವರ್ಷದ ನ್ಯಾಷನಾಲಿಟಿ ಆಂಡ್ ಬಾರ್ಡರ್ಸ್ ಆಕ್ಟ್‌ನ ಬದಲಾವಣೆ ಜೂನ್ 28ರಿಂದ ಜಾರಿಯಾಗಿ, ಸೆಟಲ್ಡ್ ಸ್ಟೇಟಸ್ ಇರುವವರ ಹಿಂದಿನ ವಾಸ ಕಾನೂನುಬದ್ಧವಾಗಿತ್ತೇ ಎಂದು ಮತ್ತೆ ಕೆದಕದೆ ಒಪ್ಪಿಕೊಳ್ಳುವ ಅವಕಾಶ ಬಂತು. ವಿಮೆಯ ಹಳೆಯ ಕಾಗದಕ್ಕಾಗಿ ಈಗ ಪರದಾಡಬೇಕಿಲ್ಲ. ಐರೋಪ್ಯ ನಿಯಮದಡಿ ಕೊಡುತ್ತಿದ್ದ ಹಳೆಯ ಪರ್ಮನೆಂಟ್ ರೆಸಿಡೆನ್ಸ್ ದಾಖಲೆ ಕೂಡ 2021ರ ಜೂನ್ 30ರ ನಂತರ ನಡೆಯುವುದಿಲ್ಲ, ಸೆಟಲ್ಡ್ ಸ್ಟೇಟಸ್ಸೇ ಆಧಾರ.

ಪಾಸ್‌ಪೋರ್ಟಿನಲ್ಲಿ ಬ್ರಿಟನ್ನಿನ ಮುದ್ರೆಗಳಿಲ್ಲದ ಕಾರಣ ವಾಸಕ್ಕೆ ಬೇರೆ ಪುರಾವೆ ಕೊಡಬೇಕು. ನಾನು ಐದೂ ವರ್ಷದ ಪಿ60 (ಸಂಬಳ ಮತ್ತು ತೆರಿಗೆಯ ವಾರ್ಷಿಕ ಪತ್ರ), ಕೆಲಸದ ದಿನಾಂಕಗಳಿರುವ ಕಂಪನಿಯ ಪತ್ರ, ಕೌನ್ಸಿಲ್ ಟ್ಯಾಕ್ಸ್ ಬಿಲ್‌ಗಳನ್ನು ವರ್ಷವಾರು ಜೋಡಿಸಿ ಏರಿಸಿದೆ. ಗೈರಿನ ಪಟ್ಟಿಯನ್ನು ಹಾಳೆಯಿಂದ ನೋಡಿ ತುಂಬಿ, ಅದರ ಪಿಡಿಎಫ್ ಅನ್ನೂ ಲಗತ್ತಿಸಿದೆ. ಲೈಫ್ ಇನ್ ದ ಯುಕೆ ಪರೀಕ್ಷೆ 24 ಪ್ರಶ್ನೆ, 45 ನಿಮಿಷ, 18 ಸರಿಯಾದರೆ ಉತ್ತೀರ್ಣ. ನಿಮ್ಮ ಗುರುತನ್ನು ದೃಢೀಕರಿಸುವ ರೆಫರಿಗಳಿಬ್ಬರು ಮೂರು ವರ್ಷದಿಂದ ನಿಮ್ಮನ್ನು ಬಲ್ಲವರಾಗಿರಬೇಕು. ಇವನ್ನೆಲ್ಲ ಮುಂಚೆಯೇ ಮುಗಿಸಿಟ್ಟುಕೊಂಡರೆ ಆರಿಸಿದ ದಿನ ಕೈತಪ್ಪುವುದಿಲ್ಲ.

ಅರ್ಜಿಗೆ ಮೊದಲು ನಿಮ್ಮ ಮೂಲ ಪೌರತ್ವದ ನಿಯಮವನ್ನೂ ನೋಡಿ. ಜರ್ಮನಿ 2024ರ ಜೂನ್ 27ರಿಂದ ಬಹುಪೌರತ್ವಕ್ಕೆ ಅವಕಾಶ ಕೊಟ್ಟಿದೆ, ಸ್ವೀಡನ್ ಹಿಂದಿನಿಂದಲೂ ಕೊಡುತ್ತಿದೆ. ನೆದರ್‌ಲ್ಯಾಂಡ್ಸ್‌ನವರು ಬ್ರಿಟಿಷ್ ಪ್ರಜೆಯನ್ನು ಮದುವೆಯಾಗಿರುವಂಥ ವಿನಾಯಿತಿ ಇಲ್ಲದಿದ್ದರೆ ಡಚ್ ಪೌರತ್ವವನ್ನೇ ಕಳೆದುಕೊಳ್ಳುತ್ತಾರೆ. ಮನೆಯಲ್ಲಿ ಭಾರತದ ಪಾಸ್‌ಪೋರ್ಟಿನವರು ಸೆಟಲ್ಡ್ ಆಗಿ ಅರ್ಜಿ ಹಾಕುತ್ತಿದ್ದರೆ, ಬ್ರಿಟಿಷ್ ಪೌರತ್ವ ಸಿಕ್ಕ ಕ್ಷಣವೇ ಅವರ ಭಾರತೀಯ ಪೌರತ್ವ ಮುಗಿಯುತ್ತದೆ. ಪಾಸ್‌ಪೋರ್ಟ್ ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್ ಪಡೆದು ಓಸಿಐಗೆ ಅರ್ಜಿ ಹಾಕಬೇಕು.

ಸಮಾರಂಭ ಮುಗಿದ ಮೇಲೂ ಪ್ರಯಾಣದ ಟಿಕೆಟ್‌ಗೆ ಆತುರ ಬೇಡ. ಪೌರತ್ವ ಸಿಕ್ಕ ದಿನವೇ ಸೆಟಲ್ಡ್ ಸ್ಟೇಟಸ್‌ನ ಪಾತ್ರ ಮುಗಿಯುತ್ತದೆ. 2026ರ ಫೆಬ್ರವರಿ 25ರಿಂದ ಉಭಯ ಪೌರರು ಬ್ರಿಟನ್ನಿಗೆ ಬರುವ ವಿಮಾನ ಹತ್ತಲು ಬ್ರಿಟಿಷ್ ಪಾಸ್‌ಪೋರ್ಟ್ ಅಥವಾ ಸರ್ಟಿಫಿಕೇಟ್ ಆಫ್ ಎಂಟೈಟಲ್‌ಮೆಂಟ್ (ಬ್ರಿಟನ್ನಿನಲ್ಲಿ ವಾಸಿಸುವ ಹಕ್ಕಿನ ಪ್ರಮಾಣಪತ್ರ) ತೋರಿಸಬೇಕು. ಜರ್ಮನ್ ಪಾಸ್‌ಪೋರ್ಟಿನಲ್ಲಿ ಊರಿಗೆ ಹೋಗಿ ಅದರಲ್ಲೇ ಮರಳುತ್ತೇನೆಂದು ಹೊರಟರೆ ಬೆಂಗಳೂರಿನ ಚೆಕ್-ಇನ್ ಕೌಂಟರಿನಲ್ಲೇ ನಿಲ್ಲಬೇಕಾದೀತು. ಸಮಾರಂಭದಲ್ಲಿ ಪ್ರಮಾಣಪತ್ರ ಕೈಗೆ ಬಂದ ವಾರವೇ ಪಾಸ್‌ಪೋರ್ಟಿಗೆ ಅರ್ಜಿ ಹಾಕಿ, ಅದು ಬಂದ ಮೇಲೆ ಟಿಕೆಟ್ ಕೊಳ್ಳಿ.