ಕಾಸರಗೋಡಿನ ಕರಾವಳಿಯಿಂದ ಬೆಂಗಳೂರಿನ ಉಪನಗರಕ್ಕೆ: ಮನೆ ಸಾಗಿಸುವವರಿಗೆ

ಕುಂಬಳೆ, ಉಪ್ಪಳ, ಮಂಜೇಶ್ವರದ ಕಡೆ ಎಷ್ಟೋ ದೊಡ್ಡ ಮನೆಗಳಲ್ಲಿ ಈಗ ಉಳಿದಿರುವುದು ಅರುವತ್ತು ದಾಟಿದ ಇಬ್ಬರೇ. ಮಕ್ಕಳು ಕೆಂಗೇರಿ, ಯಲಹಂಕ, ವಿದ್ಯಾರಣ್ಯಪುರ ಅಂತ ಬೆಂಗಳೂರಿನ ಅಂಚಿನಲ್ಲಿ ನೆಲೆ ನಿಂತಿದ್ದಾರೆ. ಹೋಗುವುದೋ ಬೇಡವೋ ಎಂಬ ಚರ್ಚೆ ಇಲ್ಲಿಲ್ಲ. ಹೋಗುವುದೆಂದು ತೀರ್ಮಾನವಾದ ಮೇಲೆ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬುದಷ್ಟೇ ವಿಷಯ. ಹೆಚ್ಚಿನವರು ಹೊಸ ಮನೆಯ ಕಡೆಗೇ ಗಮನ ಕೊಡುತ್ತಾರೆ. ಆದರೆ ದುಡ್ಡು ಪೋಲಾಗುವುದು ಬೀಗ ಹಾಕಿ ಬಂದ ಮನೆಯಲ್ಲಿ, ಮತ್ತು ಕ್ರಮ ತಪ್ಪಿ ಮಾಡಿಸಿದ ಕಾಗದಗಳಲ್ಲಿ.

ಬಡಾವಣೆ ಆರಿಸುವಾಗ ಊರಿನ ದಾರಿ ನೋಡಿ

ಮದುವೆ, ತಿಥಿ, ಕೋಲ, ಅಡಿಕೆ ಕೊಯ್ಲು ಎಂದು ವರ್ಷಕ್ಕೆ ನಾಲ್ಕಾರು ಬಾರಿಯಾದರೂ ಊರಿಗೆ ಹೋಗಲೇಬೇಕು. ದಾರಿ ಮುಖ್ಯವಾಗಿ ಎರಡು. ಒಂದು ಚೆರ್ಕಳ, ಜಾಲ್ಸೂರು, ಸುಳ್ಯ, ಸಂಪಾಜೆ ಘಾಟಿ, ಮಡಿಕೇರಿ, ಮೈಸೂರು. ಇನ್ನೊಂದು ಮಂಗಳೂರು, ಶಿರಾಡಿ ಘಾಟಿ, ಹಾಸನ, ನೆಲಮಂಗಲ. ಮೊದಲನೆಯದನ್ನು ನೆಚ್ಚುವವರಿಗೆ ಮೈಸೂರು ರಸ್ತೆಯ ಬದಿ, ಅಂದರೆ ಕೆಂಗೇರಿ, ರಾಜರಾಜೇಶ್ವರಿ ನಗರ ಅನುಕೂಲ. ಮಂಗಳೂರು ಮೂಲಕ ಹೋಗುವವರಿಗೆ ತುಮಕೂರು ರಸ್ತೆಯ ಬದಿ ಹತ್ತಿರ. ರೈಲನ್ನೇ ನಂಬಿದವರು ಮೆಟ್ರೋ ನೋಡಿಕೊಳ್ಳಿ. ನೇರಳೆ ಮಾರ್ಗ ಕೆಂಗೇರಿ ದಾಟಿ ಚಲ್ಲಘಟ್ಟದವರೆಗಿದೆ, ಮೆಜೆಸ್ಟಿಕ್‌ಗೆ ನೇರ ಸಂಪರ್ಕ; ಕಾಸರಗೋಡಿಗೆ ಹೋಗುವ ರಾತ್ರಿ ರೈಲು ಹಿಡಿಯಲು ಆಟೋದ ಚೌಕಾಸಿ ಬೇಡ. ವೈಟ್‌ಫೀಲ್ಡ್ ಕಡೆ ಮನೆ ಮಾಡಿದರೆ ಪ್ರತಿ ಸಲ ಇಡೀ ಬೆಂಗಳೂರನ್ನು ಅಡ್ಡ ದಾಟಬೇಕು. ಮಕ್ಕಳ ಕಚೇರಿ ಅಲ್ಲೇ ಇದ್ದರೆ ಬೇರೆ ಮಾತು.

ನೀರು

ಬಾಡಿಗೆಗಿಂತ ಮೊದಲು ಕೇಳಬೇಕಾದದ್ದು ನೀರಿನ ವಿಚಾರ. ಮನೆ ಹಿಂದಿನ ಬಾವಿಯ ಮೆದು ನೀರಿಗೆ ಒಗ್ಗಿದವರಿಗೆ ಬೆಂಗಳೂರಿನ ಬೋರ್‌ವೆಲ್ ನೀರಿನ ಗಡಸುತನ ಮೊದಲ ವಾರದಲ್ಲೇ ಗೊತ್ತಾಗುತ್ತದೆ: ಸೋಪು ನೊರೆ ಕೊಡುವುದಿಲ್ಲ, ತಲೆಕೂದಲು ಹುಲ್ಲಾಗುತ್ತದೆ, ಬೇಳೆ ಬೇಯುವುದಿಲ್ಲ, ಗೀಸರ್‌ನ ಕಾಯಿಲ್ ಮೇಲೆ ಸುಣ್ಣ ಕಟ್ಟುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು.

ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಗಿ, ನಗರಕ್ಕೆ ಸೇರಿದ 110 ಹಳ್ಳಿಗಳ ಭಾಗಕ್ಕೂ ಕೊಳವೆ ಬಂದಿದೆ. ಹಾಗೆಂದು ಬೀದಿಯಲ್ಲಿ ಕೊಳವೆ ಇದ್ದರೆ ಕಟ್ಟಡಕ್ಕೆ ಸಂಪರ್ಕ ಇದೆ ಎಂದೇನೂ ಅಲ್ಲ. ಮಾಲೀಕರನ್ನು ಹೀಗೆ ಕೇಳಿ: ಕಾವೇರಿ ಬಿಲ್ ತೋರಿಸುತ್ತೀರಾ? ವಾರಕ್ಕೆ ಎಷ್ಟು ದಿನ, ಎಷ್ಟು ಹೊತ್ತಿಗೆ ಬಿಡುತ್ತಾರೆ? ಸಂಪು ಎಷ್ಟು ಲೀಟರಿನದು, ಎಷ್ಟು ಮನೆಗೆ ಸೇರಿ? ಮಾರ್ಚ್, ಏಪ್ರಿಲ್‌ನಲ್ಲಿ ಟ್ಯಾಂಕರ್ ತರಿಸಿದರೆ ಹಣ ಯಾರದು? ಕೊನೆಯ ಪ್ರಶ್ನೆಯ ಉತ್ತರ ಕರಾರಿನಲ್ಲೇ ಬರೆಯಿಸಿಕೊಳ್ಳಿ. ಲೆಕ್ಕಕ್ಕೆ ಒಬ್ಬರಿಗೆ ದಿನಕ್ಕೆ 135 ಲೀಟರ್ ಹಿಡಿಯಿರಿ. ಮೂರು ಮನೆ, ಹನ್ನೆರಡು ಜನ ಎಂದರೆ 1,620 ಲೀಟರ್. 6,000 ಲೀಟರಿನ ಟ್ಯಾಂಕರ್ ನಾಲ್ಕು ದಿನಕ್ಕೂ ಸಾಲದು. ಊರಿನಲ್ಲಿ ಪಂಪು ಹಾಕಿ ಅಂಗಳ ತೊಳೆಯುವ ಅಭ್ಯಾಸ ಇದ್ದವರಂತೂ 135ರಲ್ಲಿ ನಿಲ್ಲುವುದಿಲ್ಲ.

ಮನೆ ನೋಡಲು ಹೋದಾಗ ಒಂದು ಬಾಟಲಿ ನಲ್ಲಿ ನೀರು ತನ್ನಿ. ಸ್ಟೀಲ್ ಪಾತ್ರೆಯಲ್ಲಿ ಕುದಿಸಿ ಆರಿಸಿದಾಗ ತಳದಲ್ಲಿ ಬಿಳಿ ಪೊರೆ ಕಂಡರೆ ಅದು ಗಡಸು ನೀರು. ಕುಡಿಯಲು ಆರ್‌ಒ ಯಂತ್ರ ಹಾಕಿಸುವುದಾದರೆ, ಅದು ಬಿಸಾಡುವ ನೀರನ್ನು ಬಕೆಟ್ಟಿಗೆ ಹಿಡಿದು ನೆಲ ಒರೆಸಲು ಬಳಸಿ, ಗಿಡಕ್ಕೆ ಬೇಡ. ಗೀಸರ್ ಅನ್ನು ವರ್ಷಕ್ಕೊಮ್ಮೆ ಬಿಚ್ಚಿ ಸುಣ್ಣ ಕೆರೆಸದಿದ್ದರೆ ಕಾಯಿಲ್ ಸುಟ್ಟುಹೋಗುತ್ತದೆ.

ಕರಾರು

ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳಿನದು, ಯಾಕೆಂದರೆ ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ. ನಿಮಗೆ ಮಾತ್ರ ನೋಂದಣಿಯೇ ಒಳ್ಳೆಯದು. ಮುಂದೆ ಆಧಾರ್ ವಿಳಾಸಕ್ಕೆ ಅದು ಉಪಯೋಗಕ್ಕೆ ಬರುತ್ತದೆ. ಮುಂಗಡ ಎಷ್ಟು ತಿಂಗಳಿನದು, ಬಿಡುವಾಗ ಬಣ್ಣಕ್ಕೆಂದು ಎಷ್ಟು ಹಿಡಿಯುತ್ತಾರೆ ಎರಡೂ ಬರವಣಿಗೆಯಲ್ಲಿರಲಿ. ಲಕ್ಷಗಟ್ಟಲೆ ಹಣ ಒಮ್ಮೆಲೇ ಕೊಟ್ಟು ಬಾಡಿಗೆ ಇಲ್ಲದೆ ಇರುವ ಭೋಗ್ಯದ ಮನೆ ನಿವೃತ್ತರಿಗೆ ಆಕರ್ಷಕವಾಗಿ ಕಾಣುತ್ತದೆ. ಆ ಮನೆ ಬ್ಯಾಂಕಿಗೆ ಅಡವಿದ್ದು ಕಂತು ನಿಂತರೆ ಬ್ಯಾಂಕು ಮನೆಯನ್ನು ವಶಕ್ಕೆ ಪಡೆಯುತ್ತದೆ, ನಿಮ್ಮ ಹಣಕ್ಕೆ ನೀವು ಮಾಲೀಕರ ಹಿಂದೆ ಅಲೆಯಬೇಕು. ಋಣಭಾರ ಪ್ರಮಾಣಪತ್ರ ನೋಡದೆ ಆ ದಾರಿ ಹಿಡಿಯಬೇಡಿ.

ಏನು ಒಯ್ಯಬೇಕು, ಏನು ಬಿಡಬೇಕು

ಕರಾವಳಿಯ ತೇವದಲ್ಲಿ ಹತ್ತಾರು ವರ್ಷ ಇದ್ದ ಮರ ತನ್ನೊಳಗೆ ಆ ತೇವವನ್ನು ಹಿಡಿದಿಟ್ಟುಕೊಂಡಿರುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಫೆಬ್ರವರಿ, ಮಾರ್ಚ್‌ನ ಗಾಳಿ ಒಣಕಲು. ಹಲಸು, ತೇಗ ಯಾವುದೇ ಇರಲಿ, ಹಲಗೆ ಅಗಲದ ದಿಕ್ಕಿನಲ್ಲಿ ಕುಗ್ಗುತ್ತದೆ, ಉದ್ದದಲ್ಲಿ ಅಷ್ಟಾಗಿ ಅಲ್ಲ. ಹಲಗೆಯನ್ನು ಚೌಕಟ್ಟಿಗೆ ಸ್ಕ್ರೂ ಹಾಕಿ ಬಿಗಿದಿದ್ದರೆ ಕುಗ್ಗಲು ಜಾಗವಿಲ್ಲದೆ ಸೀಳುತ್ತದೆ. ಹೊರಡುವ ಮೊದಲು ಆಚಾರಿಯನ್ನು ಕರೆಸಿ ಊಟದ ಮೇಜು, ಹಳೆಯ ಪೆಟ್ಟಿಗೆಗಳ ಹಲಗೆಯ ಸ್ಕ್ರೂ ತೂತನ್ನು ಅಡ್ಡಕ್ಕೆ ಸ್ವಲ್ಪ ಅಗಲ ಮಾಡಿಸಿ. ಪಾಲಿಶ್ ಕಾಣದ ಅಡಿಭಾಗಕ್ಕೂ ಒಂದು ಕೈ ಪಾಲಿಶ್ ಹೊಡೆಸಿ. ಎರಡೂ ಬದಿ ಒಂದೇ ವೇಗದಲ್ಲಿ ಆರಿದರೆ ಹಲಗೆ ಬಾಗುವುದಿಲ್ಲ. ಹೊಸ ಮನೆಯಲ್ಲಿ ಮೊದಲ ಬೇಸಿಗೆ ಕಳೆಯುವವರೆಗೆ ಬಿಸಿಲು ಬೀಳುವ ಕಿಟಕಿಯ ಬುಡದಲ್ಲಿಡಬೇಡಿ. ಬಿರುಕು ಬಿಟ್ಟರೂ ತಕ್ಷಣ ಮೇಣ ತುಂಬಿಸಬೇಡಿ, ಒಂದು ಮಳೆಗಾಲ ಕಳೆಯಲಿ.

ಉಪ್ಪುಗಾಳಿ ತಿಂದ ವಸ್ತು ಒಯ್ಯುವುದು ದಂಡ. ಫ್ರಿಜ್ ಮತ್ತು ವಾಷಿಂಗ್ ಮೆಷಿನ್ ಅಡಿಯನ್ನು ಟಾರ್ಚ್ ಹಾಕಿ ನೋಡಿ, ತಗಡು ಪುಡಿಯಾಗುತ್ತಿದ್ದರೆ ಊರಲ್ಲೇ ಕೊಟ್ಟುಬಿಡಿ. ಕಬ್ಬಿಣದ ಕಪಾಟಿನ ಕಾಲು, ಹಿಂಬದಿಯೂ ಹಾಗೆಯೇ. ಒಯ್ಯುವ ಫ್ರಿಜ್ ಅನ್ನು ನಿಲ್ಲಿಸಿಯೇ ಸಾಗಿಸಿ, ಇಳಿಸಿದ ಮೇಲೆ ಕೆಲವು ಗಂಟೆ ಬಿಟ್ಟು ಪ್ಲಗ್ ಹಾಕಿ. ಮುಂಬಾಗಿಲಿನ ವಾಷಿಂಗ್ ಮೆಷಿನ್‌ಗೆ ಹಿಂಬದಿಯ ಸಾಗಾಟದ ಬೋಲ್ಟ್ ಹಾಕದಿದ್ದರೆ ಘಾಟಿ ಇಳಿಜಾರಿನಲ್ಲಿ ಡ್ರಮ್ ಕುಣಿದು ಒಳಗಿನ ಸ್ಪ್ರಿಂಗ್ ಕಿತ್ತುಬರುತ್ತದೆ. ಕಡೆಯುವ ಕಲ್ಲು ಬೇಡ, ಮೂರನೇ ಮಹಡಿಯ ಕೆಳಗಿನವರು ಒಪ್ಪುವುದಿಲ್ಲ. ಉಪ್ಪಿನಕಾಯಿ ಭರಣಿ ಖಂಡಿತ ಒಯ್ಯಿರಿ, ಆದರೆ ಲಾರಿಯಲ್ಲಲ್ಲ, ಕಾಲಬುಡದಲ್ಲಿಟ್ಟುಕೊಂಡು.

ಲಾರಿ

ಎರಡು ಮಲಗುವ ಕೋಣೆಯ ಮನೆಯ ಸಾಮಾನಿಗೆ 14 ಅಡಿಯ ಲಾರಿ ಸಾಕು; ಮಂಚ, ಕಪಾಟು ಹೆಚ್ಚಿದ್ದರೆ 17 ಅಡಿ. ಕರ್ನಾಟಕದಿಂದ ತರಕಾರಿ ತಂದು ಖಾಲಿ ಮರಳುವ ಲಾರಿ ಸಿಕ್ಕರೆ ಬಾಡಿಗೆ ಕಡಿಮೆ. ತಳಕ್ಕೆ ಟಾರ್ಪಾಲು ಹಾಸಿ, ಕೊಳೆತ ಟೊಮೆಟೊ ರಸ ಹಾಸಿಗೆಗೆ ಇಳಿದರೆ ವಾಸನೆ ಹೋಗುವುದಿಲ್ಲ. ರಾಜ್ಯ ದಾಟುವ ಪರ್ಮಿಟ್ ಇದೆಯೇ ಎಂದು ಮೊದಲೇ ಕೇಳಿ. ಬಳಸಿದ ಗೃಹೋಪಯೋಗಿ ವಸ್ತುಗಳಿಗೆ ಜಿಎಸ್‌ಟಿಯ ಇ-ವೇ ಬಿಲ್ ಬೇಡ, ಆದರೂ "ಬಳಸಿದ ಮನೆ ಸಾಮಾನು, ಮಾರಾಟಕ್ಕಲ್ಲ" ಎಂದು ಬರೆದು ಸಹಿ ಹಾಕಿದ ಪಟ್ಟಿ ಮತ್ತು ಆಧಾರ್ ಪ್ರತಿ ಚಾಲಕರ ಕೈಯಲ್ಲಿರಲಿ. ಹೊಸ ಟಿವಿ ಇದ್ದರೆ ಅದರ ಬಿಲ್ಲೂ ಇರಲಿ.

ಲೋಡಿಂಗ್ ಕೂಲಿಯನ್ನು ಹಿಂದಿನ ದಿನವೇ ಮಾತಾಡಿ ಮುಗಿಸಿ. ಕೆಲಸ ಮಾಡದೆ ಕೇಳುವ ನೋಕ್ಕುಕೂಲಿಯನ್ನು ಕೇರಳ ಸರಕಾರ 2018ರ ಮೇ 1ರಿಂದ ನಿಷೇಧಿಸಿದೆ.

ತಿಂಗಳು ನವೆಂಬರ್‌ನಿಂದ ಜನವರಿ ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್ ಬೇಡವೇ ಬೇಡ: ಶಿರಾಡಿಯಲ್ಲೋ ಸಂಪಾಜೆಯಲ್ಲೋ ಗುಡ್ಡ ಕುಸಿದರೆ ಭಾರಿ ವಾಹನಗಳನ್ನು ತಡೆಯುತ್ತಾರೆ, ನಿಮ್ಮ ಹಾಸಿಗೆ ಮಳೆಯಲ್ಲಿ ರಸ್ತೆ ಬದಿ ನಿಲ್ಲುತ್ತದೆ.

ಕಾಗದಪತ್ರ: ಕ್ರಮ ತಪ್ಪಿಸಬೇಡಿ

ಊರು ಬಿಡುವ ಮೊದಲು ಮುಗಿಸಬೇಕಾದವು: ಪಾಲುಪಟ್ಟಿ, ಪೋಕುವರವು (ಜಮೀನಿನ ಖಾತೆ ಬದಲಾವಣೆ) ಬಾಕಿ ಇದ್ದರೆ ಅದು, ಸೇವಾ ಸಹಕಾರಿ ಬ್ಯಾಂಕಿನ ಠೇವಣಿ, ಚಿನ್ನದ ಸಾಲ. ಊರಿನ ಸಹಕಾರಿ ಬ್ಯಾಂಕಿಗೆ ಬೆಂಗಳೂರಿನಲ್ಲಿ ಶಾಖೆ ಇಲ್ಲ, ಚಿನ್ನ ಬಿಡಿಸಿಕೊಳ್ಳಲು ನೀವೇ ಬರಬೇಕು. ಗ್ಯಾಸ್ ಏಜೆನ್ಸಿಗೆ ಸಿಲಿಂಡರ್, ರೆಗ್ಯುಲೇಟರ್ ಹಿಂತಿರುಗಿಸಿ ಠೇವಣಿ ಹಣ ಮತ್ತು ವರ್ಗಾವಣೆಯ ವೋಚರ್ ಪಡೆಯಿರಿ. ಸಿಲಿಂಡರನ್ನು ಲಾರಿಗೆ ಹಾಕಬೇಡಿ. ಪ್ರಮಾಣಪತ್ರ ಯಾವುದೇ ಇರಲಿ ಕನ್ನಡದಲ್ಲೋ ಇಂಗ್ಲಿಷ್‌ನಲ್ಲೋ ಕೇಳಿ ಪಡೆಯಿರಿ. ಮಲಯಾಳದಲ್ಲಿದ್ದರೆ ಕರ್ನಾಟಕದ ಕಚೇರಿಯಲ್ಲಿ ಭಾಷಾಂತರ ಕೇಳುತ್ತಾರೆ.

ಜೊತೆಗೆ ಮೊಮ್ಮಕ್ಕಳೂ ಬರುವುದಾದರೆ ಶಾಲೆಯ ಟಿಸಿಗೆ ಶಿಕ್ಷಣಾಧಿಕಾರಿಯ ಮೇಲುಸಹಿ ಮಾಡಿಸಿ. ಓದಿದ ಎಲ್ಲಾ ವರ್ಷಗಳ ವ್ಯಾಸಂಗ ಪ್ರಮಾಣಪತ್ರವನ್ನೂ ತೆಗೆದಿಡಿ. ಕರ್ನಾಟಕದ ಸಿಇಟಿಯಲ್ಲಿ ಗಡಿನಾಡು ಕನ್ನಡಿಗರಿಗೆ ಪ್ರತ್ಯೇಕ ಅರ್ಹತಾ ವಿಧಿ ಇದೆ, ಅದಕ್ಕೆ ಈ ಕಾಗದವೇ ಆಧಾರ.

ಬೆಂಗಳೂರಿಗೆ ಬಂದ ಮೇಲೆ ಮೊದಲು ಒಬ್ಬರ ಆಧಾರ್ ವಿಳಾಸ ಬದಲಿಸಿ. ಅಲ್ಲಿ ನೆಲೆಸಿದ ಮಗನದೋ ಮಗಳದೋ ಆಧಾರ್ ಈಗಾಗಲೇ ಬೆಂಗಳೂರಿನದಾಗಿದ್ದರೆ ಕೆಲಸ ಸುಲಭ: ಕುಟುಂಬದ ಮುಖ್ಯಸ್ಥರ ಆಧಾರದ ಮೇಲೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ, ಅವರು 30 ದಿನದೊಳಗೆ ಒಪ್ಪಿಗೆ ಒತ್ತಬೇಕು. ಅವಧಿ ಮೀರಿದರೆ ಕಟ್ಟಿದ ಶುಲ್ಕ ಹೋಯಿತು. ಹೆಂಗಸರು ಇದನ್ನು ಮುಂದೂಡಬಾರದು. ಕರ್ನಾಟಕದ ಸರಕಾರಿ ಬಸ್ಸುಗಳಲ್ಲಿ ಶಕ್ತಿ ಯೋಜನೆಯ ಉಚಿತ ಪ್ರಯಾಣಕ್ಕೆ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಬೇಕು. ಕುಂಬಳೆ ವಿಳಾಸ ತೋರಿಸಿದರೆ ಟಿಕೆಟ್ ತೆಗೆಯಬೇಕಾಗುತ್ತದೆ. ಕಾಸರಗೋಡಿಗೆ ಹೋಗುವ ಅಂತರರಾಜ್ಯ ಬಸ್ಸಿಗಂತೂ ಈ ಸೌಲಭ್ಯ ಇಲ್ಲ.

ಆಧಾರ್ ಆದ ಮೇಲೆ ಬ್ಯಾಂಕು, ಗ್ಯಾಸ್, ಉಚಿತ ವಿದ್ಯುತ್ತಿನ ಗೃಹಜ್ಯೋತಿ. ಹಿಂದಿನ ಬಾಡಿಗೆದಾರರ ಆಧಾರ್ ಆ ಮೀಟರಿನ ಆರ್‌ಆರ್ ಸಂಖ್ಯೆಗೆ (ವಿದ್ಯುತ್ ಸಂಪರ್ಕದ ಸಂಖ್ಯೆ) ಜೋಡಣೆಯಾಗಿ ಉಳಿದಿದ್ದರೆ ನಿಮ್ಮ ಅರ್ಜಿ ಹೋಗುವುದಿಲ್ಲ. ಅದನ್ನು ರದ್ದುಪಡಿಸಿಕೊಡಲು ಮಾಲೀಕರಿಗೆ ಕೀಲಿಕೈ ಪಡೆಯುವ ದಿನವೇ ಹೇಳಿ. ಮತದಾರರ ಪಟ್ಟಿಗೆ ನಮೂನೆ 8. ಎರಡು ಕಡೆ ಹೆಸರಿಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ಕೇರಳದ ಹಳದಿ, ಗುಲಾಬಿ ರೇಷನ್ ಕಾರ್ಡಿಗೆ ಇಲ್ಲಿಯೂ ಧಾನ್ಯ ಸಿಗುತ್ತದೆ, ನೀಲಿ ಮತ್ತು ಬಿಳಿಗೆ ಇಲ್ಲ.

ವಾಹನ ಕೊನೆಗೆ. ಕಾಸರಗೋಡು ನೋಂದಣಿಯ ಕೆಎಲ್ 14ರ ಗಾಡಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕರ್ನಾಟಕದಲ್ಲಿ ಉಳಿದರೆ ಮರುನೋಂದಣಿ ಬೇಕು. ದಂಡದ ಚಲನ್ ಎಲ್ಲಾ ಕಟ್ಟಿ, ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರದೊಂದಿಗೆ ನಮೂನೆ 28ರಲ್ಲಿ ಕಾಸರಗೋಡು ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ಪಡೆದು, ಬೆಂಗಳೂರಿನಲ್ಲಿ ಹೊಸ ಸಂಖ್ಯೆಗೆ ನಮೂನೆ 27ರಲ್ಲಿ ಅರ್ಜಿ ಹಾಕಿ. ಇಲ್ಲಿ ರಸ್ತೆ ತೆರಿಗೆ ಮತ್ತೆ ಕಟ್ಟಬೇಕು. ಹತ್ತು ವರ್ಷ ದಾಟಿದ ಕಾರಾದರೆ ಊರಲ್ಲೇ ಮಾರಿ ಬರುವುದು ಲಾಭ.

ಕೇರಳ ಸರಕಾರದ ಪಿಂಚಣಿದಾರರು ಜೀವನ್ ಪ್ರಮಾಣ್ ಎಂಬ ಡಿಜಿಟಲ್ ಜೀವಿತ ಪ್ರಮಾಣಪತ್ರದ ಮೂಲಕ ವರ್ಷಕ್ಕೊಮ್ಮೆ ಹಾಜರಿ ಹಾಕಬಹುದು. ಅವರ ಆರೋಗ್ಯ ವಿಮೆಯಾದ ಮೆಡಿಸೆಪ್ ನಡೆಯುವ ಆಸ್ಪತ್ರೆ ಹೊಸ ಮನೆಯ ಹತ್ತಿರ ಯಾವುದಿದೆ ಎಂದು ಹೊರಡುವ ಮೊದಲೇ ಪಟ್ಟಿಯಲ್ಲಿ ನೋಡಿ.

ಅಡುಗೆಮನೆ

ಬೆಂಗಳೂರಿನ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಹಾಗಾಗಿ ತೆರೆದ ಪಾತ್ರೆಯಲ್ಲಿ ಕುಚ್ಚಿಲಕ್ಕಿ ಊರಿಗಿಂತ ನಿಧಾನ. ನೆನೆಹಾಕಿ, ಕುಕ್ಕರ್ ಬಳಸಿ. ತೆಂಗಿನೆಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರ್ ಬೆಳಿಗ್ಗೆ ಸಪೂರ ಕುತ್ತಿಗೆಯ ಬಾಟಲಿಯಿಂದ ಹನಿಯೂ ಬರುವುದಿಲ್ಲ, ಅಗಲ ಬಾಯಿಯ ಡಬ್ಬಿಗೆ ಸುರಿದಿಡಿ. ಹಪ್ಪಳ ಒಣಗಿಸಲು ಮಾತ್ರ ಬೆಂಗಳೂರಿನ ಟೆರೇಸಿಗೆ ಸಾಟಿಯಿಲ್ಲ. ಬೂತಾಯಿ, ಬಂಗುಡೆ ಮೀನಿನ ವಿಚಾರ ಮಾತಾಡದಿರುವುದೇ ಲೇಸು.

ಬೀಗ ಹಾಕಿದ ಮನೆ

ಮುಚ್ಚಿಟ್ಟ ಮನೆಯನ್ನು ಒಂದೇ ಮಳೆಗಾಲ ಹಾಳು ಮಾಡಬಲ್ಲದು. ಗಾಳಿಯಾಡದೆ ಗೋಡೆಗೆ ಬೂಸ್ಟು, ಅಟ್ಟಕ್ಕೆ ಗೆದ್ದಲು. ವಾರಕ್ಕೊಮ್ಮೆ ಎರಡು ಮೂರು ಗಂಟೆ ಕಿಟಕಿ ಬಾಗಿಲು ತೆರೆಯಲು ಜನ ಗೊತ್ತುಮಾಡಿ, ಸಂಬಳ ತಿಂಗಳಿಗೆ ಸರಿಯಾಗಿ ಕೊಡಿ. ಉಪಕಾರಕ್ಕೆಂದು ಒಪ್ಪಿಕೊಂಡವರು ಆಟಿಯ ಮಳೆಯಲ್ಲಿ ಬರುವುದಿಲ್ಲ. ಮೇ ಮುಗಿಯುವ ಮೊದಲು ಒಡೆದ ಹಂಚು ಬದಲಿಸಿ, ಮಾಡಿನ ಕಣಿವೆಯ ತಗಡಿನಲ್ಲಿ ಕಟ್ಟಿದ ತರಗೆಲೆ ತೆಗೆಸಬೇಕು. ಸೋರಿಕೆ ಹೆಚ್ಚಾಗಿ ಹಂಚಿನಿಂದಲ್ಲ, ಎಲೆ ಕಟ್ಟಿ ನೀರು ಹಿಂದಕ್ಕೆ ಉಕ್ಕುವುದರಿಂದ. ಹಾಸಿಗೆಯನ್ನು ಗೋಡೆಗೆ ತಾಗಿಸದೆ ನಿಲ್ಲಿಸಿ, ಕಪಾಟನ್ನು ಗೋಡೆಯಿಂದ ಒಂದು ಗೇಣು ಎಳೆದಿಡಿ. ಬಾವಿಗೆ ಬಲೆ ಹಾಕಿ, ಆದರೆ ತಿಂಗಳಿಗೊಮ್ಮೆಯಾದರೂ ನೀರು ಸೇದಿಸಿ.

ಅಡಿಕೆ ತೋಟ ಇದ್ದರೆ ಕೊಳೆರೋಗಕ್ಕೆ ಮದ್ದು ಬಿಡುವವರನ್ನು ಮೇ ತಿಂಗಳಲ್ಲೇ ಗೊತ್ತುಮಾಡಿ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಮಳೆ ಹಿಡಿಯುವ ಮುನ್ನ ಮೊದಲ ಸಲ, 40–45 ದಿನಕ್ಕೆ ಎರಡನೇ ಸಲ. ಮೊದಲನೆಯದು ತಪ್ಪಿದರೆ ಕೊಳೆರೋಗವನ್ನು ಬೆಂಗಳೂರಿನಿಂದ ಫೋನು ಮಾಡಿ ನಿಲ್ಲಿಸಲಾಗದು.

ಏಪ್ರಿಲ್, ಮೇ ಮತ್ತು ತುಲಾ ಮಾಸದ (ಅಕ್ಟೋಬರ್–ನವೆಂಬರ್) ಸಿಡಿಲಿಗೆ ಮೀಟರ್ ಬೋರ್ಡು, ಪಂಪು ಸುಡುತ್ತವೆ. ಮೇನ್ ಸ್ವಿಚ್ ಆರಿಸಿ, ಟಿವಿ ಕೇಬಲ್ ಕೂಡ ಕಳಚಿ ಬನ್ನಿ. ವಿದ್ಯುತ್ ಸಂಪರ್ಕ ರದ್ದು ಮಾಡಿಸಬೇಡಿ, ಮತ್ತೆ ಪಡೆಯುವುದು ಕಷ್ಟ. ಕೇರಳದಲ್ಲಿ ಬಿಲ್ ಎರಡು ತಿಂಗಳಿಗೊಮ್ಮೆ ಬರುವುದರಿಂದ ಮರೆತುಹೋಗುತ್ತದೆ. ನಿಮ್ಮ ಮೊಬೈಲ್ ಸಂಖ್ಯೆ ಜೋಡಿಸಿ. ಗ್ರಾಮ ಕಚೇರಿಯ ಭೂತೆರಿಗೆ, ಪಂಚಾಯತಿನ ಕಟ್ಟಡ ತೆರಿಗೆ ವರ್ಷಕ್ಕೊಮ್ಮೆ ತಪ್ಪದೆ ಕಟ್ಟಿ ರಶೀದಿ ಇಟ್ಟುಕೊಳ್ಳಿ. ಒಂದು ಕೀಲಿಕೈ ನೋಡಿಕೊಳ್ಳುವವರ ಬಳಿ, ಇನ್ನೊಂದು ಬೇರೆ ಮನೆಯ ನೆಂಟರ ಬಳಿ ಇರಲಿ. ಪಂಪಿನ ಸ್ಟಾರ್ಟರ್ ಎಲ್ಲಿ, ಟ್ಯಾಂಕಿನ ವಾಲ್ವ್ ಯಾವುದು ಎಂದು ಬರೆದು ಮೀಟರ್ ಪಕ್ಕ ಅಂಟಿಸಿಬಿಡಿ.