ಚೆಂಡು ನೋಡಬೇಡಿ, ಸೇಫ್ಟಿ ಎಣಿಸಿ

ಹೋದ ಸೆಪ್ಟೆಂಬರಿನ ಒಂದು ಗುರುವಾರ ಸಂಜೆ, ಡಲ್ಲಾಸಿನ ಉತ್ತರಕ್ಕಿರುವ ನಮ್ಮೂರಿನ ಸ್ಕೂಲ್ ಸ್ಟೇಡಿಯಂನಲ್ಲಿ ಅಮೆರಿಕನ್ ಫುಟ್ಬಾಲ್ ನೋಡುತ್ತಾ ಕೂತು ನಾನು ಬೇರೆ ಯಾರದೋ ಮಗನನ್ನು ಬೈದೆ. ಕನ್ನಡದಲ್ಲಿ ಬೈದೆ, ಅದೊಂದು ಪುಣ್ಯ. ಎದುರು ಟೀಮಿನ ರಿಸೀವರ್, ಅಂದರೆ ಎಸೆದ ಚೆಂಡು ಹಿಡಿಯುವವನು, ಮೈದಾನದ ಅಂಚಿನ ಗೆರೆ ಸೈಡ್‌ಲೈನ್ ಪಕ್ಕದಲ್ಲೇ ಓಡಿದ. ಅವನನ್ನು ತಡೆಯಲು ಅಂಚಿನಲ್ಲಿ ನಿಲ್ಲುವ ನಮ್ಮ ಕಾರ್ನರ್ ಹುಡುಗ ಹತ್ತು ಗಜ ಜೊತೆಗೆ ಹೋದವನು ಗಕ್ಕನೆ ನಿಂತುಬಿಟ್ಟ. ಚೆಂಡು ಅವನ ತಲೆ ಮೇಲಿಂದ ಹೋಯಿತು, ಟಚ್‌ಡೌನ್, ಅಂಕ ಅವರಿಗೆ. "ಯಾಕೋ ನಿಂತೆ, ಓಡೋ!" ಅಂತ ನಾನು ಕೂಗಿದ್ದು ಮೂರು ಸಾಲು ಕೆಳಗಿನವರಿಗೂ ಕೇಳಿಸಿತು.

ಮನೆಗೆ ಬರುವಾಗ ಹಿಂದಿನ ಸೀಟಿನಿಂದ ಮಗ ಹೇಳಿದ: "ಅಮ್ಮ, ಅದು ಕವರ್ ಟೂ. ಅವನು ನಿಲ್ಲಬೇಕಾದ ಕಡೆಯೇ ನಿಂತಿದ್ದ. ಹಿಂದಿನ ಅರ್ಧ ನಂದು. ಲೇಟಾಗಿದ್ದು ನಾನು."

ನನ್ನ ಮಗ ಜೆವಿ ಟೀಮಿನ, ಅಂದರೆ ಸ್ಕೂಲಿನ ಎರಡನೇ ಟೀಮಿನ, ಸೇಫ್ಟಿ: ಎಲ್ಲರಿಗಿಂತ ಹಿಂದೆ ನಿಂತು ಕಾಯುವವನು. ಅಲ್ಲಿಗೆ ಒಂದೂವರೆ ಸೀಸನ್ನಿನಿಂದ ನಾನು ಆಟ ನೋಡುತ್ತಿದ್ದೆ, ಏನೂ ನೋಡಿರಲಿಲ್ಲ. ನಮ್ಮ ಹಾಗೆ ಕ್ರಿಕೆಟ್ ಕಣ್ಣು ಇಟ್ಟುಕೊಂಡು ಇಲ್ಲಿ ಬಂದು ಕೂರುವ ಅಪ್ಪ ಅಮ್ಮಂದಿರಿಗೆ ಇದನ್ನು ಬರೆಯುತ್ತಿದ್ದೇನೆ. ಕ್ರಿಕೆಟ್ಟಿನಲ್ಲಿ ಚೆಂಡಿನ ಹಿಂದೆ ಕಣ್ಣು ಹೋದರೆ ಮುಕ್ಕಾಲು ಆಟ ಸಿಗುತ್ತದೆ. ಇಲ್ಲಿ ಚೆಂಡನ್ನೇ ನೋಡುತ್ತಾ ಕೂತರೆ ಆಟದ ಅರ್ಧ ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಮೊದಲು ಲೆಕ್ಕ. ಡಿಫೆನ್ಸಿನಲ್ಲಿ 11 ಜನ. ಸಾಮಾನ್ಯವಾಗಿ ನಾಲ್ವರು ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುತ್ತಾರೆ, ಉಳಿದದ್ದು ಏಳು. ಎದುರಿಗೆ ಚೆಂಡು ಹಿಡಿಯಲು ಓಡಬಲ್ಲವರು ಐದು. ಈ ಏಳು ಜನರನ್ನು ಹೇಗೆ ಹಂಚುತ್ತೀರಿ ಅನ್ನುವುದೇ ಕವರೇಜು. ಕವರ್ ಪಕ್ಕದ ಸಂಖ್ಯೆ ನೋಡಿ ಗಾಬರಿ ಬೀಳಬೇಡಿ, ಆಳದಲ್ಲಿ, ಅಂದರೆ ಎಲ್ಲರಿಗಿಂತ ಹಿಂದೆ, ಎಷ್ಟು ಜನ ಕಾವಲಿದ್ದಾರೆ ಅನ್ನುವ ಲೆಕ್ಕ ಅದು. ಕವರ್ ಟೂ ಅಂದರೆ ಹಿಂದೆ ಇಬ್ಬರು, ಮುಂದೆ ಐವರು. ಕವರ್ ತ್ರೀ ಅಂದರೆ ಮೂರು, ನಾಲ್ಕು. ಕವರ್ ಫೋರ್ ಅಂದರೆ ನಾಲ್ಕು, ಮೂರು. ಕವರ್ ಒನ್ ಅಂದರೆ ಹಿಂದೆ ಒಬ್ಬನೇ, ಮಿಕ್ಕವರು ಒಬ್ಬೊಬ್ಬರನ್ನು ಹಿಡಿದುಕೊಳ್ಳುತ್ತಾರೆ. ಕವರ್ ಝೀರೋ ಅಂದರೆ ಹಿಂದೆ ದೇವರೇ ಗತಿ: ಆರು ಜನ ನುಗ್ಗುತ್ತಾರೆ, ಐವರಿಗೆ ಐವರು.

ಒಬ್ಬನನ್ನು ಹಿಡಿದುಕೊಳ್ಳುವುದು ಮ್ಯಾನ್, ಜಾಗ ಕಾಯುವುದು ಝೋನ್. ಮದುವೆ ಊಟ ನೆನೆಸಿಕೊಳ್ಳಿ. ಪಂಕ್ತಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾಲು ಕೊಟ್ಟಿರುತ್ತಾರೆ, ಆ ಸಾಲಿನಲ್ಲಿ ಯಾರೇ ಬಂದು ಕೂರಲಿ ಅವನೇ ಬಡಿಸಬೇಕು. ಅದು ಝೋನ್. "ಬೀಗರ ಕಡೆಯ ಸೋದರಮಾವನನ್ನು ನೀನೇ ನೋಡಿಕೋ" ಅಂತ ಒಬ್ಬನಿಗೆ ಹೇಳಿರುತ್ತಾರಲ್ಲ, ಆ ಪುಣ್ಯಾತ್ಮ ಸೋದರಮಾವ ಎದ್ದು ಕೈ ತೊಳೆಯಲು ಹೋದರೂ ಹಿಂದೆ ಹೋಗುತ್ತಾನೆ. ಅದು ಮ್ಯಾನ್. ಸಾಲು ಕಾಯುವವನಿಗೆ ಪಕ್ಕದ ಸಾಲಿನ ಎಲೆ ಖಾಲಿ ಅಂತ ಬೈದರೆ ಹೇಗೋ, ಆವತ್ತು ನಾನು ಆ ಕಾರ್ನರನ್ನು ಬೈದದ್ದೂ ಹಾಗೆಯೇ.

ಈಗ ಸ್ಟ್ಯಾಂಡಿನಲ್ಲಿ ಕೂತು ಮಾಡಬೇಕಾದ್ದು. ಆದಷ್ಟು ಮೇಲೆ ಕೂರಿ, ಕೆಳಗಿನ ಸಾಲಿನಿಂದ ಆಳ ಗೊತ್ತಾಗುವುದಿಲ್ಲ. ಚೆಂಡು ಸ್ನ್ಯಾಪ್ ಆಗುವ, ಅಂದರೆ ಕ್ವಾರ್ಟರ್‌ಬ್ಯಾಕ್ ಕೈಗೆ ಹೋಗಿ ಆಟ ಶುರುವಾಗುವ ಮುಂಚೆ ನಟ್ಟನಡುವೆ, ಎಲ್ಲರಿಗಿಂತ ಹಿಂದೆ ಕಣ್ಣು ಹಾಯಿಸಿ. ಮಧ್ಯದಲ್ಲಿ ಒಬ್ಬನೇ ನಿಂತಿದ್ದರೆ ಒನ್ ಅಥವಾ ತ್ರೀ. ಇಬ್ಬರು ಅಗಲವಾಗಿ ನಿಂತಿದ್ದರೆ ಟೂ ಅಥವಾ ಫೋರ್. ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಆಮೇಲೆ ಯಾರಾದರೂ ರಿಸೀವರ್ ಸ್ನ್ಯಾಪ್‌ಗೆ ಮುಂಚೆಯೇ ಅಡ್ಡಲಾಗಿ ಈ ತುದಿಯಿಂದ ಆ ತುದಿಗೆ ಓಡುತ್ತಾನಾ ನೋಡಿ. ಅದನ್ನು ಮೋಷನ್ ಅನ್ನುತ್ತಾರೆ. ಅವನ ಹಿಂದೆ ಡಿಫೆಂಡರ್ ಒಬ್ಬ ಓಡಿದರೆ ಹೆಚ್ಚಾಗಿ ಮ್ಯಾನ್. ಯಾರೂ ಓಡದೆ ಇದ್ದಲ್ಲೇ ಒಂದೊಂದು ಹೆಜ್ಜೆ ಸರಿದರೆ ಝೋನ್. ಕ್ವಾರ್ಟರ್‌ಬ್ಯಾಕ್ ಕೂಡ ಇದನ್ನೇ ನೋಡಲು ಅವನನ್ನು ಓಡಿಸುತ್ತಾನೆ.

ಮೂರನೆಯದು ಕಾರ್ನರ್ ನಿಂತ ಭಂಗಿ. ರಿಸೀವರಿನಿಂದ ಏಳೆಂಟು ಗಜ ಹಿಂದೆ, ಬೆನ್ನು ಸೈಡ್‌ಲೈನ್ ಕಡೆಗೆ ಓರೆ ಮಾಡಿ, ಕಣ್ಣು ಕ್ವಾರ್ಟರ್‌ಬ್ಯಾಕ್ ಮೇಲಿಟ್ಟಿದ್ದರೆ ಬಹುತೇಕ ಕವರ್ ತ್ರೀ. ಐದು ಗಜದಲ್ಲಿ, ರಿಸೀವರಿನ ಹೊರಮೈಗೆ ನಿಂತಿದ್ದರೆ ಕವರ್ ಟೂ: ಅವನ ಎದೆಗೆ ತಳ್ಳಿ ಅವನನ್ನು ಒಳಗಡೆಗೆ, ಸೇಫ್ಟಿ ಇರುವ ಕಡೆಗೆ ಕಳಿಸುವುದು ಇವನ ಕೆಲಸ. ಮೂಗಿಗೆ ಮೂಗು ಕೊಟ್ಟು ಅವನ ಸೊಂಟವನ್ನೇ ದಿಟ್ಟಿಸುತ್ತಿದ್ದರೆ ಮ್ಯಾನ್. ಸೊಂಟ ಯಾಕೆ ಅಂದರೆ ತಲೆ, ಭುಜ, ಕಣ್ಣು ಎಲ್ಲವೂ ಸುಳ್ಳು ಹೇಳುತ್ತವೆ, ಸೊಂಟಕ್ಕೆ ಸುಳ್ಳು ಹೇಳಲು ಬರುವುದಿಲ್ಲ. ಮ್ಯಾನ್ ಆಡುವ ಹುಡುಗ ಕ್ವಾರ್ಟರ್‌ಬ್ಯಾಕ್ ಕಡೆ ಒಮ್ಮೆ ಇಣುಕಿದರೂ ಕೆಟ್ಟ. ಝೋನ್ ಆಡುವವನು ಇಣುಕದಿದ್ದರೆ ಕೆಟ್ಟ.

ಇದೆಲ್ಲ ಸುಳ್ಳೂ ಆಗಬಹುದು. ಇಬ್ಬರು ಹಿಂದೆ ನಿಂತಿದ್ದು, ಸ್ನ್ಯಾಪ್ ಆದ ಕ್ಷಣ ಒಬ್ಬ ಕೆಳಗಿಳಿದರೆ ಟೂ ಹೋಗಿ ತ್ರೀ ಆಯಿತು. ಹಾಗೆ ಸೇಫ್ಟಿ ಇಳಿದು ಪಕ್ಕದ ಫ್ಲ್ಯಾಟ್, ಅಂದರೆ ಸೈಡ್‌ಲೈನ್ ಹತ್ತಿರದ ಮುಂಭಾಗದ ಜಾಗ, ಕಾಯುವುದಕ್ಕೆ "ಸ್ಕೈ" ಅಂತ ಕೂಗುತ್ತಾರೆ, ಕಾರ್ನರ್ ಕಾಯುವುದಾದರೆ "ಕ್ಲೌಡ್". ಸೇಫ್ಟಿಗೆ ಸ, ಕಾರ್ನರಿಗೆ ಕ. ನಮ್ಮ ಅಡುಗೆಮನೆಯ ಫ್ರಿಜ್ ಮೇಲೆ ಈ ಎರಡು ಪದ ಇನ್ನೂ ಅಂಟಿಕೊಂಡಿವೆ.

ಇನ್ನು ಯಾರ ತಪ್ಪು ಅನ್ನುವ ಪ್ರಶ್ನೆ. ಮೈದಾನದ ಅಗಲ 53 ಗಜ ಚಿಲ್ಲರೆ. ಕವರ್ ಟೂನಲ್ಲಿ ಒಬ್ಬ ಸೇಫ್ಟಿಯ ಪಾಲಿಗೆ ಹತ್ತಿರ ಹತ್ತಿರ 27 ಗಜ. ಕ್ರಿಕೆಟ್ ಪಿಚ್ಚೇ 22 ಗಜ, ಅದಕ್ಕಿಂತ ಅಗಲ ಒಬ್ಬ ಹದಿನಾರರ ಹುಡುಗನ ತಲೆಗೆ! ಹಾಗಾಗಿ ಕವರ್ ಟೂ ಒಡೆಯುವುದು ಎರಡು ಕಡೆ: ಸೈಡ್‌ಲೈನಿನ ಉದ್ದಕ್ಕೂ ಕಾರ್ನರಿಗೂ ಸೇಫ್ಟಿಗೂ ನಡುವಿನ ಸಂದು, ಮತ್ತು ಇಬ್ಬರು ಸೇಫ್ಟಿಗಳ ನಟ್ಟನಡುವೆ. ನಮ್ಮ ಮನೆಯವನು ಸೋತದ್ದು ಮೊದಲ ಸಂದಿನಲ್ಲಿ. ಎರಡನೆಯದನ್ನು ಮುಚ್ಚಲು ನುಗ್ಗುವವರ ಹಿಂದೆ ನಡುವೆ ನಿಲ್ಲುವ ಲೈನ್‌ಬ್ಯಾಕರನ್ನೇ ಹಿಂದಕ್ಕೆ ಓಡಿಸುವ ಉಪಾಯಕ್ಕೆ ಟ್ಯಾಂಪಾ ಟೂ ಅಂತ ಹೆಸರು. 2003ರ ಜನವರಿಯ ಸೂಪರ್ ಬೌಲ್‌ನಲ್ಲಿ, ಅಂದರೆ ವೃತ್ತಿಪರರ ಲೀಗ್ ಎನ್‌ಎಫ್‌ಎಲ್‌ನ ಫೈನಲ್‌ನಲ್ಲಿ, ಟ್ಯಾಂಪಾ ಬೇ ಟೀಮು ರೇಡರ್ಸ್‌ನ ಐದು ಪಾಸು ಕಸಿದು 48-21ರಲ್ಲಿ ಗೆದ್ದಿತು.

ಕವರ್ ತ್ರೀ ಒಡೆಯುವುದು ನಾಲ್ವರು ರಿಸೀವರ್‌ಗಳು ನೆಟ್ಟಗೆ ಓಡಿದಾಗ. ಹಿಂದೆ ಮೂವರು, ಬರುವವರು ನಾಲ್ವರು. ಆಗ ನಡುವಿನ ಸೇಫ್ಟಿ ಯಾವ ಒಬ್ಬನ ಕಡೆಗೂ ಮೊದಲೇ ವಾಲಬಾರದು, ಕ್ವಾರ್ಟರ್‌ಬ್ಯಾಕಿನ ಭುಜ ತಿರುಗುವ ತನಕ ಇಬ್ಬರ ನಡುವೆ ತೂಗಬೇಕು. ಮುಂದಿನ ಸಾಲಿನವರೂ ತಮ್ಮ ಜಾಗದಲ್ಲಿ ಬೊಂಬೆಯ ಹಾಗೆ ನಿಲ್ಲದೆ, ಒಳಗಿನ ರಿಸೀವರಿನ ಜೊತೆ ಹಿಂದಕ್ಕೆ ಹೋಗಬೇಕು. ತೊಂಬತ್ತರ ದಶಕದ ಆರಂಭದಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್‌ನಲ್ಲಿದ್ದ ಕೋಚ್‌ಗಳಾದ ಬಿಲ್ ಬೆಲಿಚಿಕ್ ಮತ್ತು ನಿಕ್ ಸೇಬನ್, ಪಿಟ್ಸ್‌ಬರ್ಗ್ ಟೀಮು ಹೀಗೆ ನಾಲ್ವರನ್ನು ಓಡಿಸುವುದನ್ನು ತಡೆಯಲೆಂದೇ ಝೋನ್ ಮ್ಯಾನ್ ಎರಡನ್ನೂ ಬೆರೆಸಿದ ಪ್ಯಾಟರ್ನ್ ಮ್ಯಾಚಿಂಗ್ ರೂಪಿಸಿಕೊಂಡರು. ಸಾಲು ನಿನ್ನದೇ, ಆದರೆ ಸೋದರಮಾವ ನಿನ್ನ ಸಾಲಿನಿಂದ ನೆಟ್ಟಗೆ ಹಿಂದಕ್ಕೆ ಹೊರಟರೆ ನೀನೂ ಹೋಗು.

ಕವರ್ ಫೋರ್‌ನಲ್ಲಿ ಪಕ್ಕದ ಫ್ಲ್ಯಾಟು ಖಾಲಿ, ಐದಾರು ಗಜದ ಚಿಕ್ಕ ಪಾಸು ಬಿಟ್ಟುಕೊಡುತ್ತಾರೆ. ಅದಕ್ಕೆ ಯಾರನ್ನೂ ಬೈಯಬೇಡಿ, ಬೇಕೆಂದೇ ಬಿಟ್ಟದ್ದು.

ಮ್ಯಾನ್ ಒಡೆಯುವುದು ಅಡ್ಡಡ್ಡ ಓಡಿ ಒಬ್ಬರನ್ನೊಬ್ಬರು ಸಿಕ್ಕಿಸುವಾಗ. ಇದನ್ನು ನೋಡಲು 2015ರ ಫೆಬ್ರವರಿ 1ರ ಸೂಪರ್ ಬೌಲ್‌ನ ಕೊನೆಗಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಸಿಯಾಟಲ್‌ಗೆ ಇನ್ನೊಂದೇ ಗಜ ಬಾಕಿ, 26 ಸೆಕೆಂಡು ಉಳಿದಿದೆ, ಪೇಟ್ರಿಯಟ್ಸ್ 28-24ರಲ್ಲಿ ಮುಂದೆ. ಬಲಗಡೆ ಇಬ್ಬರು ರಿಸೀವರ್‌ಗಳು ಒಬ್ಬನ ಹಿಂದೆ ಒಬ್ಬ: ಮುಂದೆ ಕರ್ಸ್, ಹಿಂದೆ ಲಾಕೆಟ್. ಮುಂದಿನವನು ಅಡ್ಡ ನಿಂತು ದಾರಿ ಕಟ್ಟಬೇಕು, ಹಿಂದಿನವನು ಒಳಕ್ಕೆ ನುಗ್ಗಿ ಚೆಂಡು ಹಿಡಿಯಬೇಕು. ಎಲ್ಲರೂ ಪೇಟ್ರಿಯಟ್ಸ್‌ನ ಮಾಲ್ಕಮ್ ಬಟ್ಲರ್ ಆ ಚೆಂಡು ಕಸಿದದ್ದನ್ನೇ ಹೇಳುತ್ತಾರೆ. ನೀವು ವಿಡಿಯೋ ಹಾಕಿ ಮೊದಲು ಅವನ ಜೊತೆಗಾರ ಬ್ರಾಂಡನ್ ಬ್ರೌನರ್‌ನನ್ನು ನೋಡಿ. ಅವನು ಕರ್ಸ್‌ನ ಎದೆಗೆ ಎರಡೂ ಕೈ ಕೊಟ್ಟು ನಿಂತಲ್ಲೇ ನಿಲ್ಲಿಸಿಬಿಡುತ್ತಾನೆ. ಕಟ್ಟಬೇಕಾಗಿದ್ದ ದಾರಿ ಬಟ್ಲರ್‌ಗೆ ಬಯಲಾಗಿ ತೆರೆದುಕೊಳ್ಳುತ್ತದೆ. ಬಟ್ಲರ್, ಟೀಮುಗಳು ಹೊಸಬರನ್ನು ಆರಿಸುವ ಡ್ರಾಫ್ಟಿನಲ್ಲಿ ಯಾರೂ ಆರಿಸದೆ ಬಂದ ಹುಡುಗ, ಮುಂಚೆ ಪ್ರಾಕ್ಟೀಸಿನಲ್ಲಿ ಇದೇ ಆಟಕ್ಕೆ ಏಮಾರಿದ್ದ. ಈ ಸಲ ಜೋಡಿ ನಿಂತದ್ದು ನೋಡಿಯೇ ಗುರುತು ಹಿಡಿದ. ಅಂಕಿಪಟ್ಟಿಯಲ್ಲಿ ಇಂಟರ್‌ಸೆಪ್ಷನ್ ಬಟ್ಲರ್‌ನದು, ಬ್ರೌನರ್‌ಗೆ ಸೊನ್ನೆ. ನನ್ನ ಕೈಗೆ ಪೆನ್ನು ಕೊಟ್ಟರೆ ಅರ್ಧರ್ಧ ಬರೆಯುತ್ತೇನೆ.

ಟಿವಿ ನೋಡಿ ಕಲಿಯುವಾಗ ಒಂದು ಎಚ್ಚರ: ಎನ್‌ಎಫ್‌ಎಲ್ ನಿಯಮ ಬೇರೆ, ಟೆಕ್ಸಾಸ್ ಹೈಸ್ಕೂಲಿಗೆ ಕಾಲೇಜು ನಿಯಮ. ಎನ್‌ಎಫ್‌ಎಲ್‌ನಲ್ಲಿ ಚೆಂಡು ಬರುವಾಗ ರಿಸೀವರನ್ನು ಎಳೆದರೆ ಎಳೆದ ಜಾಗಕ್ಕೇ ಚೆಂಡು ಹೋಗುತ್ತದೆ, ಒಮ್ಮೊಮ್ಮೆ 40 ಗಜ. ಇಲ್ಲಿ ಹೆಚ್ಚೆಂದರೆ 15. ಹಾಗಾಗಿ ಸೋತ ಹುಡುಗ ಎಳೆದುಬಿಡುವುದು ಕೆಲವೊಮ್ಮೆ ಬುದ್ಧಿವಂತಿಕೆ. ಇದನ್ನು ನಾನು ಹೇಳಿದೆ ಅಂತ ಕೋಚ್ ಹತ್ತಿರ ಹೇಳಬೇಡಿ.

ಕಾರಿನಲ್ಲಿ ಈಗ ನಾನು ಕೇಳುವುದು ಒಂದೇ ಪ್ರಶ್ನೆ: "ಆ ಆಟದಲ್ಲಿ ನಿನ್ನ ಜಾಗ ಯಾವುದಿತ್ತು?" ಮೊದಮೊದಲು "ಗೊತ್ತಿಲ್ಲ" ಅನ್ನುತ್ತಿದ್ದ. ಈಗ ಫೋನಿನಲ್ಲಿ ವಿಡಿಯೋ ನಿಲ್ಲಿಸಿ ತೋರಿಸುತ್ತಾನೆ. ಹೋದ ವಾರ ಆ ಕಾರ್ನರ್ ಹುಡುಗ ಊಟಕ್ಕೆ ಬಂದಿದ್ದ, ನಮ್ಮ ಚಿತ್ರಾನ್ನ ಎರಡು ಸಲ ಹಾಕಿಸಿಕೊಂಡ. ಆವತ್ತು ಯಾರನ್ನು ಬೈದೆ ಅಂತ ನಾನು ಅವನಿಗೆ ಇನ್ನೂ ಹೇಳಿಲ್ಲ.