ಸಿಂಗಾಪುರದ ಮಾಲ್‌ನಲ್ಲಿ ಹಸಿವಾದಾಗ: ಶಿರಸಿ, ಕಾರವಾರ, ಭಟ್ಕಳದಿಂದ ಬರುವವರಿಗೆ

ಮೊದಲೇ ಹೇಳಿಬಿಡುತ್ತೇನೆ, ಮಾಲ್‌ನ ನೆಲಮಹಡಿಯಲ್ಲಿ ಊಟಕ್ಕೆ ಕೂರಬೇಡಿ. ಗಾಜಿನ ಬಾಗಿಲು, ಹೊರಗೆ ಮೆನು ಹಿಡಿದು ಕರೆಯುವ ಹುಡುಗಿ, ಮೇಜಿನ ಮೇಲೆ ಮಡಿಸಿಟ್ಟ ಬಟ್ಟೆ ಕಂಡರೆ ನಕ್ಕು ಮುಂದೆ ಹೋಗಿ. ಸಿಂಗಾಪುರದಲ್ಲಿ ದಿನಾ ಉಣ್ಣುವ ಊಟ ಸಿಗುವುದು ಒಂದೋ ಬೇಸ್‌ಮೆಂಟ್‌ನಲ್ಲಿ, ಇಲ್ಲವೇ ಮೇಲಿನ ಮಹಡಿಯಲ್ಲಿ. ಆರ್ಚರ್ಡ್ ರಸ್ತೆಯ ಅಯಾನ್ ಮಾಲ್‌ನಲ್ಲಿ ಫುಡ್ ಕೋರ್ಟ್ ನೆಲದಡಿ ನಾಲ್ಕನೇ ಹಂತದಲ್ಲಿದೆ. ಹಾರ್ಬರ್‌ಫ್ರಂಟ್‌ನ ವೀವೋಸಿಟಿಯಲ್ಲಿ ಮೂರನೇ ಮಹಡಿಯಲ್ಲಿದೆ. ಬಾಗಿಲ ಬಳಿ ಅಂಗಡಿ ಇಟ್ಟವರು ಕಟ್ಟುವ ಬಾಡಿಗೆ ಕೊನೆಗೆ ಬರುವುದು ನಿಮ್ಮ ಬಿಲ್ಲಿಗೇ, ಅಲ್ವಾ?

ಇದನ್ನು ಕುಮಟಾದ ಮನೆಯ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಸಿಂಗಾಪುರದ ಶಾಲೆಗಳಿಗೆ ಜೂನ್ ರಜೆ, ಹಾಗಾಗಿ ಮಕ್ಕಳನ್ನು ಕಟ್ಟಿಕೊಂಡು ಮಳೆಯಲ್ಲೇ ಊರಿಗೆ ಬರುವುದು ನಮ್ಮ ಹಣೆಬರಹ. ಬಂದಾಗೆಲ್ಲ ಯಾರಾದರೂ ಹೊರಡುವವರು ಸಿಗುತ್ತಾರೆ. ಈ ಸಲ ಶಿರಸಿ ಕಡೆಯ ಹವ್ಯಕರ ಮನೆಯ ಹುಡುಗಿ, ಕಾರವಾರದ ಕೋಡಿಬಾಗದ ಹುಡುಗ, ಭಟ್ಕಳದ ಹೊಸ ದಂಪತಿ. ಮನೆ, ಬ್ಯಾಂಕು, ಫೋನು ಎಲ್ಲ ಕಂಪನಿಯವರೇ ಹೇಳಿಕೊಡುತ್ತಾರೆ. ಊಟದ ವಿಷಯ ಮಾತ್ರ ಯಾರೂ ಸರಿಯಾಗಿ ಹೇಳುವುದಿಲ್ಲ. ಒಂದೇ ಜಿಲ್ಲೆಯಾದರೂ ಮೂವರ ತಟ್ಟೆ ಮೂರು ಥರ. ಹಾಗಾಗಿ ಒಂದೊಂದಾಗಿ ಬರೆಯುತ್ತೇನೆ.

ಮೊದಲು ಎಲ್ಲರಿಗೂ ಬೇಕಾದದ್ದು. ರೆಸ್ಟೋರೆಂಟಿನ ಮೆನುವಿನಲ್ಲಿ ಬೆಲೆಯ ಪಕ್ಕ ಎರಡು ಪ್ಲಸ್ ಗುರುತು ಕಂಡರೆ ಜೇಬು ಹಿಡಿದುಕೊಳ್ಳಿ. ಮೊದಲ ಪ್ಲಸ್ ಶೇ. 10 ಸರ್ವಿಸ್ ಚಾರ್ಜ್. ಎರಡನೆಯದು ಜಿಎಸ್‌ಟಿ, 2024ರ ಜನವರಿ 1ರಿಂದ ಶೇ. 9. ಆ ಶೇ. 9 ಬೀಳುವುದು ಸರ್ವಿಸ್ ಚಾರ್ಜ್ ಸೇರಿಸಿದ ಮೊತ್ತದ ಮೇಲೆ. ಮೆನುವಿನಲ್ಲಿ 20 ಡಾಲರ್ ಇದ್ದದ್ದು ಬಿಲ್ಲಿನಲ್ಲಿ 23.98 ಆಗಿರುತ್ತದೆ. ಕೆಲವು ಚೀನೀ ರೆಸ್ಟೋರೆಂಟುಗಳಲ್ಲಿ ಕೂತ ತಕ್ಷಣ ಒಂದು ಬಟ್ಟಲು ಕಡಲೆಬೀಜ, ಒಂದು ಒದ್ದೆ ಟವೆಲ್ ತಂದಿಡುತ್ತಾರೆ. ಮರ್ಯಾದೆ ಮಾಡುತ್ತಿದ್ದಾರೆ ಅಂದುಕೊಂಡು ಮೆಲ್ಲಬೇಡಿ. ಅದಕ್ಕೂ ದುಡ್ಡು ಹಾಕುತ್ತಾರೆ. ಬೇಡ ಅಂದರೆ ಬೇಜಾರಿಲ್ಲದೆ ವಾಪಸ್ ಒಯ್ಯುತ್ತಾರೆ. ಫುಡ್ ಕೋರ್ಟಿನಲ್ಲಿ ಈ ರಗಳೆ ಇಲ್ಲ. ಬೋರ್ಡಿನಲ್ಲಿ ಬರೆದಷ್ಟೇ ಕೊಡುವುದು.

ಮಧ್ಯಾಹ್ನ ಹನ್ನೆರಡರಿಂದ ಒಂದೂವರೆ ತನಕ ಆಫೀಸು ಬಿಟ್ಟ ಜನ ನುಗ್ಗುತ್ತಾರೆ. ಆಗ ಖಾಲಿ ಮೇಜಿನ ಮೇಲೆ ಒಂದು ಟಿಶ್ಯೂ ಪ್ಯಾಕೆಟ್ಟೋ ಛತ್ರಿಯೋ ಬಿದ್ದಿರುತ್ತದೆ. ಯಾರೋ ಮರೆತು ಹೋದದ್ದಲ್ಲ, ಜಾಗ ಹಿಡಿದಿಟ್ಟದ್ದು. ನಮ್ಮ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿದ ಹಾಗೆಯೇ. ಅದನ್ನು ಸರಿಸಿ ಕೂತರೆ ಯಾರೂ ಜಗಳ ಮಾಡುವುದಿಲ್ಲ, ಆದರೆ ಊಟ ಮುಗಿಯುವ ತನಕ ನಿಮ್ಮನ್ನೇ ನೋಡುತ್ತ ನಿಲ್ಲುತ್ತಾರೆ. ನೀವೂ ಚೀಲದಲ್ಲಿ ಒಂದು ಟಿಶ್ಯೂ ಪ್ಯಾಕೆಟ್ ಇಟ್ಟುಕೊಳ್ಳಿ. ಕೈ ಒರೆಸಲು ಕೂಡ ಬೇಕು, ಸ್ಟಾಲಿನವರು ಕೊಡುವುದು ಕಡಿಮೆ.

ಉಂಡ ಮೇಲೆ ಟ್ರೇ ಎತ್ತಿ ಇಡಬೇಕು. ಹಾಕರ್ ಸೆಂಟರು ಅನ್ನುವ, ಮಾಲ್ ಹೊರಗಿನ ಅಗ್ಗದ ಊಟದ ಸ್ಟಾಲುಗಳ ಕಟ್ಟಡಗಳಲ್ಲಿ 2021ರ ಸೆಪ್ಟೆಂಬರ್‌ನಿಂದ, ಫುಡ್ ಕೋರ್ಟುಗಳಲ್ಲಿ 2022ರ ಜನವರಿಯಿಂದ ಇದು ಕಾನೂನು. ಮೊದಲ ಸಲ ಸಿಕ್ಕಿಬಿದ್ದರೆ ಲಿಖಿತ ಎಚ್ಚರಿಕೆ, ಎರಡನೇ ಸಲ 300 ಡಾಲರ್ ದಂಡ. ಟ್ರೇ ಇಡುವ ಕಪಾಟು ಎರಡು ಇರುತ್ತವೆ, ಒಂದು ಹಲಾಲ್, ಇನ್ನೊಂದು ಉಳಿದದ್ದಕ್ಕೆ. ಇದನ್ನು ಅದಲುಬದಲು ಮಾಡಬೇಡಿ. ಯಾರೋ ಒಬ್ಬರ ಮಡಿಯ ಪ್ರಶ್ನೆ ಅದು. ಮಡಿ ಅಂದರೆ ಏನು ಅಂತ ನಮ್ಮೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಸಸ್ಯಾಹಾರಿಗಳಿಗೆ. ನಿಮ್ಮ ಕಣ್ಣು ಮೊದಲು ಹುಡುಕುವುದು ಭಾರತದ ಊಟದ ಸ್ಟಾಲನ್ನೇ. ಮಾಲ್ ಒಳಗೆ ಅದೇ ದೊಡ್ಡ ನಿರಾಸೆ. ಜಾಸ್ತಿ ಕಡೆ ನಾನ್, ಬಟರ್ ಚಿಕನ್, ಬಣ್ಣ ಹಾಕಿದ ಪಲಾವ್. ದೋಸೆ ಇದ್ದರೂ ಕೋಳಿ ಹುರಿದ ಕಾವಲಿಯ ಮೇಲೇ ಬರಬಹುದು. ಪರಾಟಾ ತೆಗೆದುಕೊಂಡರೆ ಪಕ್ಕದಲ್ಲಿ ಕೊಡುವ ಸಾರು ಮೀನಿನದ್ದೋ ಕುರಿಯದ್ದೋ ಆಗಿರುತ್ತದೆ. ಮೊದಲೇ ‘ದಾಲ್’ ಅಂತ ಕೇಳಿ.

ನಿಮಗೆ ನಿಜವಾದ ನೆಂಟರು ಚೀನೀ ಸಸ್ಯಾಹಾರಿ ಸ್ಟಾಲಿನವರು. ಬೌದ್ಧ ಪದ್ಧತಿಯ ಅಡುಗೆ ಅವರದ್ದು. ಮಾಂಸ ಇಲ್ಲ, ಮೀನಿಲ್ಲ, ಕಟ್ಟುನಿಟ್ಟಿನ ಕಡೆ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಅಜ್ಜಿ ವ್ರತದ ಅಡುಗೆಗೆ ಬಿಡುವುದನ್ನು ಇವರು ದಿನಾ ಬಿಟ್ಟಿದ್ದಾರೆ. ಒಂದೇ ತೊಂದರೆ, ಗಾಜಿನ ಹಿಂದೆ ಸಾಲಾಗಿ ಕೋಳಿ, ಮೀನು, ಹುರಿದ ಹಂದಿಮಾಂಸದ ಥರವೇ ಕಾಣುವ ತುಂಡುಗಳು ಇರುತ್ತವೆ. ಗಾಬರಿ ಆಗಬೇಡಿ. ಎಲ್ಲ ಸೋಯಾ ಮತ್ತು ಗೋಧಿಯ ಅಂಟಿನಿಂದ ಮಾಡಿದ್ದು. ಮೀನಿನ ಹಾಗೆ ಕಾಣಲಿ ಎಂದು ಮೇಲೊಂದು ಕಪ್ಪು ಚರ್ಮವನ್ನೂ ಅಂಟಿಸಿರುತ್ತಾರೆ, ಅದು ಕಡಲಪಾಚಿಯ ಹಾಳೆ. ನನಗೆ ಆ ನಾಟಕ ಸೇರುವುದಿಲ್ಲ. ಎಲೆಕೋಸು, ಬದನೆಕಾಯಿ, ತೋಫು, ಹಾಗಲಕಾಯಿ ತೋರಿಸಿ, ಅನ್ನದ ಮೇಲೆ ಹಾಕಿಸಿಕೊಳ್ಳುತ್ತೇನೆ. ಮೊಟ್ಟೆ ಇದೆಯಾ ಅಂತ ಮಾತ್ರ ಕೇಳಿ, ಕೆಲವರು ಬಳಸುತ್ತಾರೆ. ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ ಈ ಸ್ಟಾಲ್ ಮುಂದೆ ಉದ್ದ ಸಾಲು ಇರುತ್ತದೆ. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೇ ದಿನ ತುಂಬ ಚೀನೀಯರು ಮಾಂಸ ಬಿಡುತ್ತಾರೆ. ಪಂಚಾಂಗ ನೋಡಿಕೊಂಡು ಅರ್ಧ ಗಂಟೆ ಬೇಗ ಹೋಗಿ.

ಬೇರೆ ಸ್ಟಾಲಿನಲ್ಲಿ ‘ನೋ ಮೀಟ್’ ಅಂದರೆ ಸಾಲದು. ಮೀನು ಬೇಡ, ಸೀಗಡಿ ಬೇಡ, ಮೊಟ್ಟೆ ಬೇಡ, ಆಯ್ಸ್ಟರ್ ಸಾಸ್ ಬೇಡ ಅಂತ ಒಂದೊಂದನ್ನೂ ಹೆಸರಿಸಿ. ಸೊಪ್ಪಿನ ಪಲ್ಯ ಅಂದುಕೊಂಡು ತೆಗೆದುಕೊಂಡ ಕಾಂಗ್‌ಕೊಂಗ್‌ನಲ್ಲಿ ಬೆಲಚಾನ್ ಇರುತ್ತದೆ, ಅದು ಸೀಗಡಿ ಹುದುಗಿಸಿ ಒಣಗಿಸಿದ ಉಂಡೆ. ಕಾಯಿಹಾಲಿನ ನೂಡಲ್ಸ್ ಸಾರು ಲಕ್ಸಾದಲ್ಲೂ ಅದೇ. ಹಣ್ಣು ತರಕಾರಿ ಕಲಸಿದ ರೊಜಾಕ್ ನೋಡಲು ನಮ್ಮ ಕೋಸಂಬರಿಯ ಹಾಗಿದ್ದರೂ ಅದರ ಕಪ್ಪು ಪಾಕ ಸೀಗಡಿಯದ್ದೇ. ನಾಸಿ ಲೆಮಾಕ್ ಅಂದರೆ ಕಾಯಿಹಾಲಿನಲ್ಲಿ ಬೇಯಿಸಿದ ಅನ್ನ, ಅದರ ಜೊತೆ ಕೊಡುವ ಮೆಣಸಿನ ಚಟ್ನಿ ಸಾಂಬಾಲ್‌ನಲ್ಲಿ ಸಣ್ಣ ಒಣಮೀನು ಕಾಣಿಸುತ್ತದೆ, ಕಾಣದಿದ್ದರೂ ಒಳಗೆ ಇರಬಹುದು.

ದೋಸೆಯೇ ಬೇಕು ಅನಿಸಿದ ದಿನ ಮಾಲ್ ಹುಡುಕುತ್ತ ಕಾಲ ಕಳೆಯಬೇಡಿ. ಫ್ಯಾರರ್ ಪಾರ್ಕ್ ಸ್ಟೇಷನ್ನಿಗೆ ಅಂಟಿಕೊಂಡೇ ಸಿಟಿ ಸ್ಕ್ವೇರ್ ಮಾಲ್ ಇದೆ. ಸಾಮಾನು ಅಲ್ಲಿ ಕೊಂಡು, ಹೊಟ್ಟೆಗೆ ಸೆರಂಗೂನ್ ರಸ್ತೆಗೆ ನಡೆಯಿರಿ. 1924ರ ಆನಂದ ಭವನ, 1947ರ ಕೋಮಳ ವಿಲಾಸ, ನಮ್ಮ ಎಂಟಿಆರ್ ಎಲ್ಲ ಆ ಕಡೆಯೇ. ಕೋಮಳ ವಿಲಾಸದ ಸಾಂಬಾರು ತಮಿಳರದ್ದು, ಬೆಲ್ಲ ಇರುವುದಿಲ್ಲ. ಅದಕ್ಕೆ ತಯಾರಾಗಿ ಹೋಗಿ.

ಈಗ ಕಾರವಾರ, ಅಂಕೋಲಾ, ಕುಮಟಾದ ಮೀನಿನವರಿಗೆ. ನಿಮಗೆ ಸಿಂಗಾಪುರ ಸುಲಭ. ಈ ಜೂನ್‌ನಲ್ಲಿ ಇಲ್ಲಿ ಕುಮಟಾದಲ್ಲಿ ಯಾಂತ್ರಿಕ ದೋಣಿಗಳೆಲ್ಲ ದಡದಲ್ಲಿವೆ. ಜುಲೈ 31ರ ತನಕ ಕಡಲಿಗೆ ಇಳಿಯುವಂತಿಲ್ಲ, ಮನೆಯಲ್ಲಿ ಒಣಮೀನಿನ ಚಟ್ನಿಯೇ ಗತಿ. ಅಲ್ಲಿ ವರ್ಷವಿಡೀ ಬಂಗಡೆ ಸಿಗುತ್ತದೆ, ಮಲಯ ಭಾಷೆಯಲ್ಲಿ ಕೆಂಬುಂಗ್ ಅನ್ನುತ್ತಾರೆ. ಫುಡ್ ಕೋರ್ಟಿನ ಮಲಯ ಸ್ಟಾಲಿನಲ್ಲಿ ಹುರಿದದ್ದನ್ನು ಕೇಳಿ ನೋಡಿ. ರವೆ ಹಚ್ಚಿ ಕಾವಲಿಯ ಮೇಲೆ ಕಾಯಿಸಿದ್ದಲ್ಲ, ಅರಿಶಿನ ಹಚ್ಚಿ ಎಣ್ಣೆಯಲ್ಲಿ ಮುಳುಗಿಸಿ ತೆಗೆದದ್ದು. ಮೊದಲ ತುತ್ತಿಗೆ ಗಟ್ಟಿ ಅನಿಸುತ್ತದೆ. ಸಾಂಬಾಲ್ ಹಚ್ಚಿಕೊಂಡು ತಿನ್ನಿ.

ಹುಳಿ ಬೇಕೆನಿಸಿದರೆ ಆಸಾಮ್ ಪೆಡಾಸ್ ಅನ್ನುವ ಮೀನಿನ ಸಾರು ಹುಡುಕಿ. ಕೆಂಪಗೆ, ತೆಳ್ಳಗೆ, ಖಾರ ಹುಳಿ ಎರಡೂ ಜೋರು. ಅದಕ್ಕೆ ಹುಣಸೆ ಇಲ್ಲವೇ ಆಸಾಮ್ ಕೆಪಿಂಗ್ ಹಾಕುತ್ತಾರೆ. ಈ ಕೆಪಿಂಗ್ ಅಂದರೆ ಒಂದು ಹುಳಿ ಹಣ್ಣನ್ನು ಹೆಚ್ಚಿ ಒಣಗಿಸಿದ ಹೋಳು. ಗಿಡ ನಮ್ಮ ಮುರುಗಲು, ಉಪ್ಪಾಗೆಗಳ ಕುಲದ್ದೇ, ಗಾರ್ಸೀನಿಯ. ನನ್ನ ಅತ್ತೆ ಮೊದಲ ಸಲ ಅದನ್ನು ಬಾಯಿಗೆ ಇಟ್ಟು, ‘ಇದಕ್ಕೆ ಕಾಯಿ ಅರೆದು ಹಾಕಿದ್ರೆ ನಮ್ಮದೇ ಆಗ್ತಿತ್ತು’ ಅಂದರು. ನಿಜ, ಕಾಯಿ ಇಲ್ಲದ್ದೇ ಕೊರತೆ.

ಕಾರವಾರದವರಿಗೆ ಇನ್ನೊಂದು ಇದೆ. ಬಂಗಡೆ ಸಾರಿಗೆ ತಿರಫಲ ಹಾಕಿ ಬೆಳೆದ ನಾಲಿಗೆಗೆ ‘ಮಾಲಾ’ ಸ್ಟಾಲ್ ಹೊಸದು ಅನಿಸುವುದಿಲ್ಲ. ಮಾಲಾದಲ್ಲಿ ನಾಲಿಗೆ ಜುಮ್ಮೆನಿಸುವ ಸಿಚುವಾನ್ ಮೆಣಸೂ ನಮ್ಮ ತಿರಫಲವೂ ಒಂದೇ ಕುಲದ ಗಿಡಗಳು. ಘಟ್ಟದ ಮೇಲಿನವರು ಜುಮ್ಮನಕಾಯಿ ಅನ್ನುವುದು ಇದೇ ತಿರಫಲಕ್ಕೆ. ಪದ್ಧತಿ ಹೀಗೆ: ಒಂದು ಬೋಗುಣಿ, ಒಂದು ಇಕ್ಕಳ ತೆಗೆದುಕೊಳ್ಳಿ. ಸೊಪ್ಪು, ಅಣಬೆ, ತಾವರೆ ದಂಟು, ಮೀನು, ಮಾಂಸ, ನೂಡಲ್ಸ್ ಬೇಕಾದ್ದನ್ನು ಆರಿಸಿ ಹಾಕಿ. ಅವರು ತೂಗಿ, 100 ಗ್ರಾಂ ಲೆಕ್ಕದಲ್ಲಿ ಬೆಲೆ ಹೇಳಿ, ಹುರಿದು ಕೊಡುತ್ತಾರೆ. ಹೊಸಬರು ಬಿದ್ದು ಹೋಗುವುದು ತಕ್ಕಡಿಯ ಎದುರು. ತಾವರೆ ದಂಟು, ಆಲೂಗಡ್ಡೆ, ನೀರು ಸುರಿಯುವ ತೋಫು ಎಲ್ಲ ಭಾರ. ಸೊಪ್ಪು, ಒಣ ತೋಫು ಹಾಳೆ, ಕಪ್ಪು ಅಣಬೆ ಹಗುರ. ಸೊಪ್ಪಿನ ನೀರು ಕೊಡವಿ ಹಾಕಿ, ನೀರಿಗೂ ದುಡ್ಡು ಯಾಕೆ? ಖಾರ ಎಷ್ಟು ಅಂತ ಕೇಳಿದಾಗ ಮೊದಲ ಸಲ ‘ಸಿಯಾವ್ ಲಾ’ ಅನ್ನಿ, ಕಡಿಮೆ ಅಂತ. ಶಿರಸಿಯ ಹುಡುಗಿ ಈ ಕಡೆ ಬರುವುದು ಬೇಡ, ಸೊಪ್ಪನ್ನಷ್ಟೇ ಆರಿಸಿದರೂ ಬಾಣಲೆ ಒಂದೇ.

ಅನ್ನದ ಮೇಲೆ ಪಲ್ಯ ತೋರಿಸಿ ಹಾಕಿಸಿಕೊಳ್ಳುವ ಮಿಕ್ಸ್ಡ್ ರೈಸ್ ಸ್ಟಾಲಿನಲ್ಲಿ ಇಡೀ ಮೀನನ್ನು ತೋರಿಸುವ ಮುಂಚೆ ಬೆಲೆ ಕೇಳಿ. ಎರಡು ತರಕಾರಿ, ಒಂದು ಕೋಳಿ ಅಗ್ಗ. ಮೀನು ಬಿದ್ದ ಕೂಡಲೇ ಲೆಕ್ಕ ಬೇರೆ.

ಭಟ್ಕಳದವರಿಗೆ ಹಲಾಲ್ ಊಟ ಹುಡುಕುವುದು ಕಷ್ಟವಿಲ್ಲ. ಸಿಂಗಾಪುರದ ಇಸ್ಲಾಮಿಕ್ ಮಂಡಳಿ ಮುಯಿಸ್ ಕೊಡುವ ಪ್ರಮಾಣಪತ್ರವನ್ನು ಸ್ಟಾಲಿನ ಮುಂದೆ ತೂಗುಹಾಕಿರುತ್ತಾರೆ. ಅದನ್ನೇ ನೋಡಿ. ‘ನೋ ಪೋರ್ಕ್ ನೋ ಲಾರ್ಡ್’ ಅಂತ ಬರೆದ ಬೋರ್ಡು ಹಂದಿಮಾಂಸ, ಹಂದಿ ಕೊಬ್ಬು ಇಲ್ಲ ಅಂತ ಮಾತ್ರ ಹೇಳುತ್ತದೆ, ಹಲಾಲ್ ಅಂತ ಅಲ್ಲ. ಬಿರಿಯಾನಿ ವಿಷಯದಲ್ಲಿ ಆಸೆ ಇಟ್ಟುಕೊಳ್ಳಬೇಡಿ. ಈರುಳ್ಳಿ ಕರಗುವ ತನಕ ಬಾಡಿಸಿ ಮಾಡುವ ಭಟ್ಕಳದ ಬಿರಿಯಾನಿ ನಾನು ಅಲ್ಲಿ ಉಂಡಿರುವುದು ಭಟ್ಕಳದವರ ಮನೆಯಲ್ಲಿ ಮಾತ್ರ. ಮಾಂಸ, ಮೊಟ್ಟೆ ತುಂಬಿ ಮಡಿಸಿದ ಪರಾಟಾ ಮುರ್ತಬಾಕ್ ಬೇಕಾದರೆ ಬುಗಿಸ್ ಜಂಕ್ಷನ್ ಮಾಲ್‌ನಿಂದ ಸುಲ್ತಾನ್ ಮಸೀದಿ ಕಡೆ ನಡೆಯಿರಿ. ಮಸೀದಿಯ ಎದುರಿನ ಜಮ್‌ಜಮ್ ಹೋಟೆಲ್ 1908ರಿಂದ ಇದೆ.

ಕಾಫಿ ಕುಡಿಯದೆ ಇರಲಾಗದವರಿಗೆ: ಫುಡ್ ಕೋರ್ಟಿನ ಪಾನೀಯದ ಸ್ಟಾಲಿನಲ್ಲಿ ಸುಮ್ನೆ ‘ಕೋಪಿ’ ಅಂದರೆ ಗಟ್ಟಿ ಸಿಹಿ ಹಾಲು ಹಾಕಿ ಪಾಯಸದ ಹಾಗೆ ಕೊಡುತ್ತಾರೆ. ‘ಕೋಪಿ ಸಿ’ ಅಂದರೆ ಸಿಹಿಯಿಲ್ಲದ ಗಟ್ಟಿ ಹಾಲು, ಸಕ್ಕರೆ ಬೇರೆಯಾಗಿ ಹಾಕುತ್ತಾರೆ. ‘ಸಿಯು ಡೈ’ ಸೇರಿಸಿದರೆ ಸಕ್ಕರೆ ಕಡಿಮೆ, ‘ಕೊಸೊಂಗ್’ ಅಂದರೆ ಸಕ್ಕರೆಯೇ ಇಲ್ಲ. ಬೀಜವನ್ನು ಸಕ್ಕರೆ, ಬೆಣ್ಣೆ ಇಲ್ಲವೇ ಮಾರ್ಗರೀನ್ ಹಾಕಿ ಹುರಿಯುವುದರಿಂದ ಸುಟ್ಟ ವಾಸನೆ ಇರುತ್ತದೆ. ಫಿಲ್ಟರ್ ಕಾಫಿಯ ಲೆಕ್ಕ ಹಿಡಿಯಬೇಡಿ, ಬೇರೆಯದೇ ಪಾನೀಯ ಅಂದುಕೊಂಡು ಕುಡಿಯಿರಿ. ‘ಕೋಪಿ ಸಿ ಸಿಯು ಡೈ’ ನನಗೆ ಒಗ್ಗಿದೆ. ಕುಡಿದು ಉಳಿದ ಲೋಟ ಹಿಡಿದು, ದಾರಿಯಲ್ಲಿ ಕುಡಿಯುತ್ತೇನೆ ಅಂತ ಮೆಟ್ರೋ ಹತ್ತಬೇಡಿ. ರೈಲಿನಲ್ಲೂ ಸ್ಟೇಷನ್ನಿನಲ್ಲೂ ತಿಂದರೆ, ಕುಡಿದರೆ 500 ಡಾಲರ್ ತನಕ ದಂಡ.

ನಲ್ಲಿ ನೀರು ಕುಡಿಯಲು ಚೆನ್ನಾಗಿದೆ. ಬಾಟಲಿ ತುಂಬಿಸಿಕೊಂಡೇ ಹೊರಡಿ.

ಅಪ್ಪ ಅಮ್ಮ ನೋಡಲು ಬಂದಾಗ ಚಾಂಗಿ ವಿಮಾನ ನಿಲ್ದಾಣದ ಜ್ಯುವೆಲ್ ಮಾಲ್‌ಗೆ ಕರೆದೊಯ್ಯುವುದು ಎಲ್ಲರ ವಾಡಿಕೆ. ಒಳಗೆ 40 ಮೀಟರ್ ಎತ್ತರದ ಜಲಪಾತವಿದೆ, ಕಟ್ಟಡದ ಒಳಗಿನ ಜಲಪಾತಗಳಲ್ಲಿ ಜಗತ್ತಿಗೇ ದೊಡ್ಡದು. ಸಿದ್ದಾಪುರದ ಉಂಚಳ್ಳಿ ನೋಡಿದವರು ‘ಇಷ್ಟೇನಾ’ ಅಂದಾರು, ಅದು 116 ಮೀಟರ್. ಹಿರಿಯರಿಗೆ ಊಟ ಕಷ್ಟವಾದರೆ ತಾವ್ ಹುವೇ ಕೊಡಿಸಿ. ಬಿಸಿ ಸೋಯಾ ಹಾಲನ್ನು ಹೆಪ್ಪುಗಟ್ಟಿಸಿ ಸಕ್ಕರೆ ಪಾಕ ಹಾಕಿದ್ದು, ಹಲ್ಲಿಲ್ಲದವರೂ ನುಂಗಬಹುದು, ಬೆಲೆಯೂ ಕಡಿಮೆ. ಸಿಹಿ ಬೇಕೆಂದರೆ ಓಂದೆ ಓಂದೆ. ಸಣ್ಣ ಉಂಡೆ, ಒಳಗೆ ಕರಗಿದ ತಾಳೆಬೆಲ್ಲ, ಮೇಲೆ ಕಾಯಿತುರಿ. ಬಾಯಿ ಮುಚ್ಚಿ ಕಚ್ಚಲು ಹೇಳಿ, ಬೆಲ್ಲ ಸೀರೆಯ ಮೇಲೆ ಚಿಮ್ಮುತ್ತದೆ. ನಮ್ಮ ಅಮ್ಮ ಇದನ್ನು ಮೋದಕದ ಲೆಕ್ಕಕ್ಕೆ ಸೇರಿಸಿ ಒಪ್ಪಿಕೊಂಡರು. ಕುಯೇ ಅನ್ನುವ ಬಣ್ಣಬಣ್ಣದ ಪದರದ ಸಿಹಿತಿಂಡಿಗಳಲ್ಲಿ ಕೆಲವಕ್ಕೆ ಮೊಟ್ಟೆ ಇರುತ್ತದೆ, ಬ್ರೆಡ್ಡಿಗೆ ಹಚ್ಚುವ ಕಾಯಾದಲ್ಲಂತೂ ಇದ್ದೇ ಇರುತ್ತದೆ. ಕೇಳಿಯೇ ಕೊಡಿ.

ಮನೆಯಿಂದ ಮೊಸರನ್ನ ಕಟ್ಟಿಕೊಂಡು ಹೋಗಿ ಫುಡ್ ಕೋರ್ಟಿನಲ್ಲಿ ಡಬ್ಬಿ ಬಿಚ್ಚುವಂತಿಲ್ಲ. ಹೊರಗಿನ ತಿಂಡಿ ತರಬೇಡಿ ಅಂತ ಬೋರ್ಡು ಹಾಕಿರುತ್ತಾರೆ. ಮಾಲ್‌ನ ಹೊರಗಿನ ಬೆಂಚುಗಳಲ್ಲಿ, ಪಾರ್ಕಿನಲ್ಲಿ ಕೂತು ಉಣ್ಣಬಹುದು. ಇನ್ನು ಆ ಮೊಸರನ್ನಕ್ಕೆ ಬೇಕಾದ ಅಪ್ಪೆಮಿಡಿಯನ್ನು ಊರಿನಿಂದ ತರುವುದಾದರೆ ಕೈಚೀಲದಲ್ಲಿ ಇಡಬೇಡಿ. ಉಪ್ಪುನೀರು ಇರುವ ಬಾಟಲಿ ನೂರು ಮಿಲಿ ದಾಟಿದರೆ ವಿಮಾನ ಹತ್ತುವ ಮುಂಚೆಯೇ ತೆಗೆದಿಡುತ್ತಾರೆ. ಮುಚ್ಚಳಕ್ಕೆ ಟೇಪ್ ಸುತ್ತಿ, ಎರಡು ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿ, ದೊಡ್ಡ ಸೂಟ್‌ಕೇಸಿನ ನಡುವೆ ಬಟ್ಟೆಗಳ ಒಳಗೆ ಹಾಕಿ. ಬಿಳಿ ಅಂಗಿ ಆ ಕಡೆ ಇಡಬೇಡಿ.